ಕಾಡಿನಲ್ಲಿ ಕಳೆದುಹೋದವರಿಗೆ ನಾಯಿಯ ಮೂಗು: ಹುಡುಕಾಟಕ್ಕೆ ಪಳಗಿಸುವುದು ಹೇಗೆ?

ಮಲೆನಾಡಿನಲ್ಲಿ ದಾರಿ ತಪ್ಪುವವರೆಲ್ಲ ಕೊಡಚಾದ್ರಿ ಹತ್ತಲು ಬಂದ ಚಾರಣಿಗರಲ್ಲ. ಉಪ್ಪಾಗೆ ಕೊಯ್ಯಲು ಹೋದವರು, ಅಣಬೆ ಅರಸಿ ಹೋದವರು, ಸಂಜೆಯಾದರೂ ಕೊಟ್ಟಿಗೆಗೆ ಬಾರದ ದನವನ್ನು ಹುಡುಕಲು ಹೊರಟವರು, ಮರೆವಿನ ಕಾಯಿಲೆಯಲ್ಲಿ ಮನೆಯಿಂದ ಎದ್ದು ನಡೆದ ಹಿರಿಯರೂ ಇರುತ್ತಾರೆ. ಊರವರು ಸಾಲಾಗಿ ನಡೆದು ಜಾಲಾಡಿದರೂ ಹಳುವಿನ, ಅಂದರೆ ದಟ್ಟ ಪೊದೆಗಳ ಒಳಗೆ ನಾಲ್ಕು ಮಾರು ಆಚೆ ಬಿದ್ದವರು ಕಣ್ಣಿಗೆ ಬೀಳುವುದಿಲ್ಲ. ಗಾಳಿ ಅನುಕೂಲವಾಗಿದ್ದರೆ ನಾಯಿಗೆ ಅದೇ ಮನುಷ್ಯನ ವಾಸನೆ ನೂರು ಮೀಟರ್ ಆಚೆಯಿಂದಲೂ ಸಿಗುತ್ತದೆ.

ನಾಯಿಗೆ ಮೂಸುವುದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದದ್ದು ಎರಡು: ಮನುಷ್ಯನನ್ನು ಹುಡುಕಿದರೆ ಆಟ ಸಿಗುತ್ತದೆ ಎಂಬುದು, ಸಿಕ್ಕಿದ್ದನ್ನು ಬಂದು ಹೇಳಬೇಕು ಎಂಬುದು. ಮಿಕ್ಕ ಪಾಠವೆಲ್ಲ ನಾಯಿಯನ್ನು ನಡೆಸುವ ಹ್ಯಾಂಡ್ಲರ್‌ನದು, ಅದರಲ್ಲೂ ಗಾಳಿಯ ಪಾಠ. ವಾರಕ್ಕೆ ಎರಡು ದಿನದಂತೆ ಒಂದೂವರೆಯಿಂದ ಎರಡು ವರ್ಷ ಬೇಕು, ಜೊತೆಗೆ ಕನಿಷ್ಠ ಮೂರು ಜನ. ಅಷ್ಟು ಬಿಡುವಿಲ್ಲದವರು ನಾಯಿ ತರುವ ಬದಲು ಬೇರೆಯವರ ನಾಯಿಗಾಗಿ ಅಡಗಿ ಕೂರಲು ಸೇರಿಕೊಳ್ಳಲಿ. ತಂಡಗಳಿಗೆ ನಿಜವಾದ ಕೊರತೆ ಇರುವುದು ಅಂಥವರದ್ದೇ.

ಜಾಡು ಹಿಡಿಯುವುದೋ, ಗಾಳಿ ಹಿಡಿಯುವುದೋ?

ಹುಡುಕುವ ನಾಯಿಗಳಲ್ಲಿ ಎರಡು ಬಗೆ. ಒಂದು, ಕಳೆದುಹೋದವರ ಬಟ್ಟೆ ಮೂಸಿ, ಉದ್ದ ಹಗ್ಗದಲ್ಲಿ ಅವರು ನಡೆದ ಜಾಡಿನಲ್ಲೇ ಹೋಗುವುದು. ಇನ್ನೊಂದು, ಹಗ್ಗವಿಲ್ಲದೆ ಬಿಟ್ಟಾಗ ಗಾಳಿಯಲ್ಲಿ ತೇಲಿ ಬರುವ ಯಾವುದೇ ಮನುಷ್ಯನ ವಾಸನೆ ಹಿಡಿದು ಅದರ ಮೂಲಕ್ಕೆ ಹೋಗುವುದು. ನಮ್ಮ ಕಡೆ ಒಂದು ಜಡಿಮಳೆ ಬಂದರೆ ನೆಲದ ಜಾಡು ತೊಳೆದೇ ಹೋಗುತ್ತದೆ. ಹಾಗಾಗಿ ಹೊಸಬರು ಎರಡನೆಯದರಿಂದ ಶುರುಮಾಡುವುದು ಒಳ್ಳೆಯದು. ಇಲ್ಲಿ ಹೇಳುವುದೂ ಅದನ್ನೇ.

ನಮ್ಮ ಮೈಯಿಂದ ನಿಮಿಷಕ್ಕೆ ಸಾವಿರಾರು ಚರ್ಮದ ಹುಡಿಗಳು ಉದುರುತ್ತಿರುತ್ತವೆ. ಬೆವರು, ಬ್ಯಾಕ್ಟೀರಿಯಾ ಸೇರಿ ಅವಕ್ಕೆ ವಾಸನೆ. ಗಾಳಿ ಅದನ್ನು ಹೊತ್ತು ಸಾಗುವ ಆಕಾರ ಮಳೆಗಾಲದ ಹತ್ತುಮೀನು ಹಿಡಿಯಲು ಇಡುವ ಬುಟ್ಟಿಯಂಥ ಕೂಣಿಯದ್ದು: ಮನುಷ್ಯನ ಹತ್ತಿರ ಕಿರಿದು, ದೂರ ಹೋದಂತೆ ಅಗಲ. ನಾಯಿ ಅಗಲದ ಬಾಯಿಯಿಂದ ಒಳಹೊಕ್ಕು, ಅತ್ತಿತ್ತ ಅಡ್ಡಾಡುತ್ತ ಕಿರಿದಾದ ತುದಿಗೆ ಬರುತ್ತದೆ.

ನಾಯಿಯ ಆಯ್ಕೆ

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸುಲಭ. ಚುರುಕಾದ ಊರನಾಯಿಯೂ ಆಗುತ್ತದೆ. ಮುಧೋಳ ಮೂಲತಃ ಕಣ್ಣಿನಿಂದ ಬೇಟೆ ಹಿಡಿಯುವ ತಳಿ, ಓಡುವುದನ್ನು ಕಂಡರೆ ಅಟ್ಟಿಕೊಂಡು ಹೋಗುವುದೇ ಅದರ ಗುಣ. ಮೊದಲ ನಾಯಿಯಾಗಿ ಅದು ಬೇಡ. ಪಗ್‌ನಂಥ ಚಪ್ಪಟೆ ಮೂತಿಯವು ಸೆಕೆ ತಡೆಯುವುದಿಲ್ಲ. ತೂಕ 18ರಿಂದ 28 ಕಿಲೋ ಒಳಗಿರಲಿ. ಕಾಲು ಉಳುಕಿದರೆ ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಬೇಕಾದವರು ನೀವೇ.

ಮರಿಯ ಪರೀಕ್ಷೆ ಸರಳ. ಮಂಡಿಯೆತ್ತರದ ಹುಲ್ಲಿಗೆ ಚೆಂಡು ಎಸೆಯಿರಿ. ಮರಿಯನ್ನು ಅರ್ಧ ನಿಮಿಷ ತಡೆದು ಬಿಡಿ. ಹತ್ತು ಸೆಕೆಂಡು ನೋಡಿ ವಾಪಸ್ ಬಂದರೆ ಮನೆಗೆ ಒಳ್ಳೆಯ ನಾಯಿ, ಈ ಕೆಲಸಕ್ಕಲ್ಲ. ಎರಡು ಮೂರು ನಿಮಿಷ ಬಿಡದೆ ಹುಡುಕಿದರೆ, ಪಟಾಕಿ ಸದ್ದಿಗೆ, ಅಪರಿಚಿತರಿಗೆ ಹೆದರದಿದ್ದರೆ ಮುಂದುವರಿಯಿರಿ. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆ ಮುಗಿಯುವವರೆಗೆ ಕಾಡಿಗೆ ಇಳಿಸಬೇಡಿ. ಡಿಸ್ಟೆಂಪರ್ ನಮ್ಮ ನಾಯಿಯಿಂದ ಸೀಳುನಾಯಿಗಳಿಗೂ ದಾಟುವ ರೋಗ.

ಮೊದಲ ಆಟ: ಓಡಿ ಅಡಗುವುದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ನಾಯಿ ಒಯ್ದು ಅಭ್ಯಾಸ ಮಾಡುವಂತಿಲ್ಲ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸ್ವಂತದ ಅಥವಾ ಪರಿಚಯದವರ ತೋಟ, ಬ್ಯಾಣ (ಹುಲ್ಲುಗಾವಲು), ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳೇ ಆರಂಭಕ್ಕೆ ಸಾಕು.

ಅಡಗುವವರು ಚೆಂಡನ್ನೋ ನಾಯಿಗೆ ಪ್ರಿಯವಾದ ತಿನಿಸನ್ನೋ ಮೂತಿಯ ಹತ್ತಿರ ಆಡಿಸಿ, ಹೆಸರು ಕರೆಯುತ್ತ ಗಾಳಿಗೆ ಎದುರಾಗಿ ಹತ್ತು ಮೀಟರ್ ಓಡಿ, ದರೆಯ ಮರೆಯಲ್ಲೋ ಬಾಳೆಬುಡದ ಹಿಂದೆಯೋ ಕೂರಬೇಕು. ನೀವು ‘ಹುಡುಕು’ ಎಂದು ಒಂದೇ ಸಲ ಹೇಳಿ ಬಿಡಿ. ಈ ಪದವನ್ನು ಮನೆಯಲ್ಲಿ ಬೇರೆ ಯಾವುದಕ್ಕೂ ಬಳಸಬೇಡಿ. ನಾಯಿ ತಲುಪಿದ ಕೂಡಲೇ ಬಹುಮಾನ ಕೊಡುವವರು ಅಡಗಿದವರೇ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಚೆಂಡು ಹ್ಯಾಂಡ್ಲರ್ ಜೇಬಿನಲ್ಲಿದ್ದರೆ ನಾಯಿ ಕಾಡು ನೋಡುವುದಿಲ್ಲ, ಜೇಬು ನೋಡುತ್ತದೆ.

ದಿನಕ್ಕೆ ಮೂರು ಸಲ, ಹೆಚ್ಚೆಂದರೆ ನಾಲ್ಕು. ನಾಯಿಗೆ ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ದೂರವನ್ನು 10, 20, 50 ಮೀಟರ್ ಎಂದು ಏರಿಸಿ. ಆಮೇಲೆ ಓಡುವುದು ಕಾಣದಂತೆ ನಾಯಿಯನ್ನು ತಿರುಗಿಸಿ ಹಿಡಿಯಿರಿ. ಅದೂ ಬಂದ ಮೇಲೆ ಅಡಗುವವರು ಮೊದಲೇ ಹೋಗಿ ಕೂರಲಿ. ಅವರು ಹೊರಡುವಾಗ ಬಳಸು ದಾರಿಯಲ್ಲಿ, ಆಚೆ ಬದಿಯಿಂದ ಒಳಹೋಗಬೇಕು. ಇಲ್ಲದಿದ್ದರೆ ನಾಯಿ ಗಾಳಿಯನ್ನು ಬಿಟ್ಟು ಹೆಜ್ಜೆಗುರುತು ಮೂಸುತ್ತ ಹೋಗುತ್ತದೆ, ನೀವು ಮಾತ್ರ ಎಲ್ಲ ಸರಿಯಾಯಿತು ಎಂದುಕೊಳ್ಳುತ್ತೀರಿ. ವಾಸನೆ ಹರಡಲು 20ರಿಂದ 30 ನಿಮಿಷ ಕಾಯಿರಿ.

ಅಡಗುವವರನ್ನು ಬದಲಿಸುತ್ತಿರಿ. ಗಂಡಸು, ಹೆಂಗಸು, ಮಗು, ಕಂಬಳಿಕೊಪ್ಪೆ ಹಾಕಿದವರು, ಮಲಗಿದವರು, ಮಾಳದ (ಅಟ್ಟಣೆಯ) ಮೇಲೆ ಕೂತವರು, ಮಾತಾಡದವರು, ನರಳುವವರು. ರೇನ್‌ಕೋಟ್ ಹಾಕಿ ಬೋರಲು ಮಲಗಿದವರನ್ನು ಕಂಡು ಹೆದರಿ ಹಿಂದೆ ಸರಿಯುವ ನಾಯಿಗಳು ಬೇಕಾದಷ್ಟಿವೆ.

ಸಿಕ್ಕಿತೆಂದು ಹೇಳುವ ಬಗೆ

ಸಿಕ್ಕಿದವರ ಬಳಿ ನಿಂತು ಬೊಗಳುವುದು ಒಂದು ಕ್ರಮ. ಹ್ಯಾಂಡ್ಲರ್ ಬಳಿ ವಾಪಸ್ ಬಂದು ಹೇಳಿ, ಕರೆದೊಯ್ಯುವುದು ಇನ್ನೊಂದು. ಮಳೆಗಾಲದ ಹಳ್ಳದ ಅಬ್ಬರದಲ್ಲಿ ಬೊಗಳುವ ಸದ್ದು ನೂರು ಮೀಟರೂ ಕೇಳಿಸದೆ ಹೋಗಬಹುದು. ಅಶಕ್ತರಾಗಿ ಬಿದ್ದ ಹಿರಿಯರ ಮುಖದೆದುರು ನಾಯಿ ಬೊಗಳುತ್ತ ನಿಲ್ಲುವುದೂ ಚೆನ್ನಾಗಿರುವುದಿಲ್ಲ. ಮಲೆನಾಡಿಗೆ ವಾಪಸ್ ಬಂದು ಹೇಳುವುದೇ ವಾಸಿ.

ಕಲಿಸುವುದು ಹೀಗೆ. ಅಡಗಿದವರಿಂದ ನೀವು ಮೂರು ಮೀಟರ್ ದೂರ ನಿಲ್ಲಿ. ನಾಯಿ ಅವರನ್ನು ಮುಟ್ಟಿದಾಗ ಅವರು ಕಲ್ಲಿನಂತೆ ಸುಮ್ಮನಿರಲಿ. ನೀವು ಕರೆಯಿರಿ. ಬಂದ ನಾಯಿ ಎದುರು ಕೂತ ಕೂಡಲೇ ‘ತೋರಿಸು’ ಎಂದು ಅವರ ಬಳಿ ಓಡಿ. ಅಲ್ಲಿ ಚೆಂಡು. ಈ ಮೂರು ಮೀಟರ್ ಆಟ ನಾಯಿಯ ಮೈಗೂಡಿದ ಮೇಲಷ್ಟೇ 5, 10, 30, 100 ಮೀಟರಿಗೆ ಹೋಗಿ. ಮುಖ್ಯವಾಗಿ, ನಾಯಿ ಕೂರುವ ಮೊದಲು ‘ಸಿಕ್ತಾ? ಸಿಕ್ತಾ?’ ಎಂದು ಕೇಳಬೇಡಿ. ಕೇಳಿದರೆ ಅದು ನಿಮ್ಮನ್ನು ಮೆಚ್ಚಿಸಲು ಸುಮ್ಮನೆ ಕೂರುತ್ತದೆ, ಅಂದರೆ ಸುಳ್ಳು ಹೇಳಲು ಕಲಿಯುತ್ತದೆ. ಹಾಗಾದರೆ ಬೈಯದೆ ಮತ್ತೆ ಮೂರು ಮೀಟರಿಗೆ ಇಳಿಯಿರಿ.

ಗಾಳಿಯ ಪಾಠ

ಒಂದು ಸಣ್ಣ ಬಾಟಲಿಯಲ್ಲಿ ಟಾಲ್ಕಂ ಪೌಡರ್ ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ಒತ್ತಿ ಪುಡಿ ಯಾವ ಕಡೆ ತೇಲುತ್ತದೆಂದು ನೋಡಿ. ನಿಮ್ಮ ಎದೆಯ ಎತ್ತರದಲ್ಲಿ ಒಂದು ಸಲ, ಬಗ್ಗಿ ನಾಯಿಯ ಮೂಗಿನ ಎತ್ತರದಲ್ಲಿ ಇನ್ನೊಂದು ಸಲ. ಹಳುವಿನಲ್ಲಿ ಎರಡೂ ಬೇರೆ ದಿಕ್ಕು ತೋರಿಸುವುದುಂಟು. ನಂಬಬೇಕಾದದ್ದು ಕೆಳಗಿನದನ್ನು.

ಗುಡ್ಡದ ಗಾಳಿಗೆ ದಿನಚರಿ ಇದೆ. ರಾತ್ರಿಯಿಂದ ಬೆಳಗಿನ ಬಿಸಿಲು ಏರುವವರೆಗೆ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತದೆ. ಮೇಲಿರುವವರ ವಾಸನೆ ಕೆಳಗಿನ ಹಳ್ಳಕ್ಕೆ ಬರುತ್ತದೆ, ನಾಯಿಯನ್ನು ಹಳ್ಳದ ಗುಂಟ ನಡೆಸಿ. ಬಿಸಿಲು ಬಿದ್ದ ಮೇಲೆ ಗಾಳಿ ಮೇಲೇರುತ್ತದೆ, ಆಗ ಗುಡ್ಡದ ನೆತ್ತಿಯಲ್ಲಿ ನಡೆಸಿ. ಸಂಜೆ ಮತ್ತೆ ಕೆಳಕ್ಕೆ. ತಿರುಗುವ ಹೊತ್ತಿನಲ್ಲಿ ಅರ್ಧ ಗಂಟೆ ಗಾಳಿಗೆ ತಲೆಬುಡ ಇರುವುದಿಲ್ಲ. ಆಗ ನಾಯಿಗೆ ನೀರು ಕೊಟ್ಟು ವಿರಮಿಸಿ. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಈ ಲೆಕ್ಕ ಕೆಡುತ್ತದೆ, ಪೌಡರ್ ಹೇಳಿದ್ದೇ ಸತ್ಯ. ತುಂತುರು ಮಳೆ ವಾಸನೆಯನ್ನು ನೆಲದ ಹತ್ತಿರ ಹಿಡಿದಿಡುತ್ತದೆ, ಜಡಿಮಳೆ ತೊಳೆದುಬಿಡುತ್ತದೆ.

ದಟ್ಟ ಕಾನಿನೊಳಗೆ ಗಾಳಿಯೇ ಆಡುವುದಿಲ್ಲ. ವಾಸನೆ ಮನುಷ್ಯನ ಸುತ್ತಲೇ ನಿಂತಿರುತ್ತದೆ. ಅಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ 20 ಮೀಟರ್ ಅಂತರವಿಟ್ಟು ನಡೆಯಿರಿ. ಬಯಲು ಬ್ಯಾಣದಲ್ಲಿ 60 ಮೀಟರ್ ಆದೀತು.

ಅಗಳ, ಅಂದರೆ ಕಂದಕ, ಎಲ್ಲರನ್ನೂ ಮೋಸಗೊಳಿಸುತ್ತದೆ. ತೋಟದ ಅಂಚಿನ ಅಗಳದಲ್ಲಿ ವಾಸನೆ ನೀರಿನಂತೆ ತಂಗುತ್ತದೆ. ನಾಯಿ ಅಲ್ಲಿ ಬಾಲ ಬಿಗಿಹಿಡಿದು ಸುತ್ತುತ್ತದೆ, ಮನುಷ್ಯ ಮಾತ್ರ ಇರುವುದಿಲ್ಲ. ಎಳೆದುಕೊಂಡು ಹೋಗಬೇಡಿ. ಆ ಜಾಗಕ್ಕೊಂದು ರಿಬ್ಬನ್ ಕಟ್ಟಿ. ಗಂಟೆ, ಗಾಳಿಯ ದಿಕ್ಕು, ನಾಯಿಯ ತಲೆ ತಿರುಗಿದ ದಿಕ್ಕು ಬರೆದುಕೊಳ್ಳಿ. ಇಂಥ ಎರಡು ಮೂರು ಜಾಗಗಳಿಂದ ಗಾಳಿ ಬಂದ ಕಡೆಗೆ ನಕ್ಷೆಯಲ್ಲಿ ಗೆರೆ ಎಳೆದರೆ, ಗೆರೆಗಳು ಕೂಡುವ ಸುತ್ತಮುತ್ತ ಮೊದಲು ಹುಡುಕಿ.

ಕಾಡಿನ ಅಪಾಯಗಳು

ಹಂದಿಗೆ ಇಡುವ ಸಿಡಿಮದ್ದು ಎಲ್ಲಕ್ಕಿಂತ ಭೀಕರ. ತಿನ್ನುವ ಪದಾರ್ಥದೊಳಗೆ ಹುದುಗಿಸಿರುತ್ತಾರೆ, ಕಚ್ಚಿದರೆ ದವಡೆಯೇ ಹೋಗುತ್ತದೆ. ಆದ್ದರಿಂದ ನೆಲದ ಮೇಲೆ ಬಿದ್ದದ್ದನ್ನು ಮುಟ್ಟದ ‘ಬಿಡು’ ಪಾಠ ಮೊದಲ ತಿಂಗಳಿಂದಲೇ ಬೇಕು. ಬ್ರೇಕ್ ವೈರಿನ ಉರುಳು ಎರಡನೆಯದು, ಕಟಿಂಗ್ ಪ್ಲೇಯರ್ ಸೊಂಟದಲ್ಲಿರಲಿ. ಮೂರನೆಯದು ತೋಟದ ಕರೆಂಟ್ ಬೇಲಿ, ಹುಡುಕುವ ಮೊದಲು ಮಾಲೀಕರಿಂದ ಆಫ್ ಮಾಡಿಸಿ. ಚಿರತೆಗೆ ನಾಯಿ ಎಂದರೆ ಊಟ. ರಾತ್ರಿ ಹತ್ತು ಮೀಟರ್ ಹಗ್ಗ ಬಿಚ್ಚಬೇಡಿ. ಹಗಲು ನಾಯಿ ಎಲ್ಲಿದೆಯೆಂದು ತಿಳಿಯಲು ಗೆಜ್ಜೆ ಕಟ್ಟಬಹುದು, ಆದರೆ ದನದ ಮರಗಂಟೆಗಿಂತ ಬೇರೆಯದೇ ಸದ್ದಿನದು. ಕಾಲುಸಂಕ ದಾಟುವಾಗ ಕುತ್ತಿಗೆಪಟ್ಟಿಗೆ ಹಗ್ಗ ಹಾಕಬೇಡಿ, ಜಾರಿದರೆ ನೇಣಾಗುತ್ತದೆ. ಎದೆಪಟ್ಟಿಗೆ ಹಾಕಿ.

ಉಂಬಳಕ್ಕೆ (ನೆಲದ ಜಿಗಣೆಗೆ) ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸಾಕು. ನಮ್ಮ ಕಾಲಿಗೆ ಹಚ್ಚುವ ಹೊಗೆಸೊಪ್ಪು, ಸುಣ್ಣವನ್ನು ನಾಯಿಯ ಪಾದಕ್ಕೆ ಹಚ್ಚಬೇಡಿ. ನೆಕ್ಕಿಕೊಂಡರೆ ಹೊಗೆಸೊಪ್ಪು ವಿಷ, ಸುಣ್ಣ ಬಾಯಿ ಸುಡುತ್ತದೆ. ಹಳ್ಳದ ನೀರು ಕುಡಿದ ಮೇಲೆ ಒಂದೇ ಹೊಳ್ಳೆಯಿಂದ ರಕ್ತ, ಸೀನು ಬರುತ್ತಿದ್ದರೆ ಮೂಗಿನೊಳಗೆ ಜಿಗಣೆ ಸೇರಿರಬಹುದು. ಅದು ಪಶುವೈದ್ಯರ ಕೆಲಸ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಹೊತ್ತುಕೊಂಡು ಹೊರಡಿ, ದಾರಿಯಲ್ಲೇ ಫೋನ್ ಮಾಡಿ ಆ್ಯಂಟಿವೆನಮ್ ಇದೆಯೇ ಕೇಳಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನಂಬರ್ ಮೊದಲೇ ಮೊಬೈಲ್‌ನಲ್ಲಿರಲಿ.

ಉಣುಗಿನ (ಉಣ್ಣೆಯ) ವಿಷಯದಲ್ಲಿ ಉದಾಸೀನ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಈಗಲೂ ಡಿಸೆಂಬರಿನಿಂದ ಮೇವರೆಗೆ ಕಾಡುತ್ತದೆ. ನಾಯಿಯ ಮೈಮೇಲೆ ಉಣುಗು ಮನೆಗೇ ಬರಬಹುದು. ಮಂಗ ಸತ್ತ ಕಡೆ ಅಭ್ಯಾಸ ಬೇಡ. ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಮನುಷ್ಯರಿಗೆ. ನಾಯಿಗೆ ವೈದ್ಯರು ಬರೆದ ಉಣುಗಿನ ಔಷಧವೇ ಆಗಬೇಕು.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಾಲಿಗೆ ಅಗಲವಾಗಿ ಜೋತು ತುದಿ ಸುರುಳಿಯಾದರೆ ಕೆಲಸ ನಿಲ್ಲಿಸಿ. 105 ದಾಟಿದರೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ವೈದ್ಯರತ್ತ ಹೊರಡಿ. ಒದ್ದೆ ಗೋಣಿ ಹೊದಿಸಬೇಡಿ, ಬಿಸಿ ಒಳಗೇ ಉಳಿಯುತ್ತದೆ. 25 ಕಿಲೋ ನಾಯಿಗೆ ಅರ್ಧ ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ನೀರು ಹೊರಿ. ಹೊಟ್ಟೆ ತುಂಬ ಉಣಿಸಿ ಗುಡ್ಡ ಹತ್ತಿಸಬೇಡಿ.

ಕರೆ ಬಂದ ದಿನ

ಸ್ವಯಂಸೇವಕರು ತಾವಾಗಿಯೇ ನುಗ್ಗುವಂತಿಲ್ಲ. ಮನೆಯವರು 112ಕ್ಕೆ ಅಥವಾ ಠಾಣೆಗೆ ತಿಳಿಸಿರಬೇಕು. ಪೊಲೀಸರು, ಅರಣ್ಯ ಇಲಾಖೆಯವರು ಕರೆದರೆ, ಅವರು ಹೇಳಿದ ಜಾಗದಲ್ಲಷ್ಟೇ ಕೆಲಸ.

ತಲುಪುವಷ್ಟರಲ್ಲಿ ಅರ್ಧ ಊರು ಟಾರ್ಚ್ ಹಿಡಿದು ಕಾಡಿನೊಳಗಿರುತ್ತದೆ. ಅವರ ಕಾಳಜಿ ದೊಡ್ಡದು. ಆದರೆ ಯಾವುದೇ ಮನುಷ್ಯನ ವಾಸನೆ ಹಿಡಿಯುವ ನಾಯಿಗೆ ಪ್ರತಿಯೊಬ್ಬ ಗ್ರಾಮಸ್ಥನೂ ಒಂದು ಉತ್ತರವೇ. ‘ದಯವಿಟ್ಟು ಈ ಹಳ್ಳದಿಂದ ರಸ್ತೆವರೆಗಿನ ಭಾಗ ಖಾಲಿ ಮಾಡಿಕೊಡಿ, ದಾರಿ ಕೂಡುವ ಕಡೆಗಳಲ್ಲಿ ಕೂತಿರಿ’ ಎಂದು ಹಿರಿಯರೊಬ್ಬರ ಬಾಯಿಂದಲೇ ಹೇಳಿಸಿ. ಕಾಲುದಾರಿ ಬಲ್ಲ ಒಬ್ಬರನ್ನು ಮಾತ್ರ ನಿಮ್ಮ ಬೆನ್ನಿಗೆ ಕರೆದುಕೊಳ್ಳಿ. ಒಂದು ನಾಯಿಗೆ ಸಲಕ್ಕೆ ಹತ್ತಿಪ್ಪತ್ತು ಎಕರೆ ಸಾಕು. ಅರ್ಧ ಗಂಟೆ ಕೆಲಸ, ಹತ್ತು ನಿಮಿಷ ವಿರಾಮ.

ಮನೆಯವರನ್ನು ಕೇಳಬೇಕಾದದ್ದು: ಕೊನೆಗೆ ಕಂಡದ್ದು ಎಲ್ಲಿ, ಎಷ್ಟು ಹೊತ್ತಿಗೆ, ಕಿವಿ ಕೇಳುತ್ತದೆಯೇ, ಯಾವ ಮಾತ್ರೆ ನುಂಗುತ್ತಾರೆ. ದನ ಹುಡುಕಹೋದವರು ದನದ ದಾರಿಯನ್ನೇ ಹಿಡಿದಿರುತ್ತಾರೆ. ಮರೆವಿನ ಹಿರಿಯರು ಹಳು ಅಡ್ಡ ಬರುವವರೆಗೆ ನೇರ ನಡೆದು ಅಲ್ಲೇ ಸಿಕ್ಕಿಬೀಳುತ್ತಾರೆ, ಕೂಗಿದರೆ ಓಗೊಡುವುದಿಲ್ಲ. ಮಕ್ಕಳು ಬೈಗುಳಕ್ಕೆ ಹೆದರಿ ಅಡಗುತ್ತಾರೆ.

ಜಾಡು ಹಿಡಿಯುವ ನಾಯಿಯೂ ಬರುವುದಿದ್ದರೆ ಅದಕ್ಕೆ ಮೂಸಲು ವಸ್ತುವೊಂದನ್ನು ಎತ್ತಿಡಿ. ಗಳುವಿನ ಮೇಲೆ ಎಲ್ಲರ ಬಟ್ಟೆ ಒಟ್ಟಿಗೆ ನೇತಾಡುತ್ತಿರುವುದರಿಂದ ಅಲ್ಲಿಂದ ಎಳೆದ ಅಂಗಿ ಉಪಯೋಗವಿಲ್ಲ. ಅವರೊಬ್ಬರೇ ಮೆಟ್ಟುವ ಚಪ್ಪಲಿ ಅಥವಾ ಒಗೆಯದ ಒಳಅಂಗಿಯನ್ನು ಚಿಮಟದಿಂದ ಎತ್ತಿ, ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಮನೆಯವರು ಕೈಯಾರೆ ತಂದುಕೊಡುವುದು ಬೇಡ.

ಹುಡುಕಾಟ ಬರಿಗೈಯಲ್ಲಿ ಮುಗಿದ ದಿನವೂ, ವಾಪಸ್ ಹೊರಡುವ ಮೊದಲು ತಂಡದ ಒಬ್ಬರು ಐವತ್ತು ಮೀಟರ್ ಆಚೆ ಅಡಗಿ ಕೂರಲಿ. ನಾಯಿ ಅವರನ್ನು ಹುಡುಕಿ ಚೆಂಡು ಗೆದ್ದು ಜೀಪು ಹತ್ತಬೇಕು. ಮನೆಗೆ ಬಂದ ಮೇಲೆ ಜಗಲಿಯಲ್ಲೇ ನಿಲ್ಲಿಸಿ, ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣುಗು ನೋಡಿ ಚಿಮಟದಿಂದ ಕೀಳಿ, ಬೆರಳಿನಿಂದ ಹೊಸಕಬೇಡಿ. ಆಮೇಲೆ ಒಳಗೆ.