ಫ್ರೀ ಬ್ಲಾಗಿಂದ ಸ್ವಂತ ಸರ್ವರ್‌ಗೆ: ಮೊದ್ಲು ವಿಳಾಸ, ಆಮೇಲೆ ಸಾಮಾನು

ಟೈಪ್‌ಪ್ಯಾಡ್ ಅಂತ ಒಂದು ಬ್ಲಾಗ್ ಸರ್ವಿಸ್ ಇತ್ತು, 2003ರಲ್ಲಿ ಶುರುವಾಗಿದ್ದು, 2025ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕ್ತು. ಮುಚ್ತೀವಿ ಅಂತ ಹೇಳಿದ್ದು ಆಗಸ್ಟ್ ಕೊನೇಲಿ, ಅಂದ್ರೆ ಇಪ್ಪತ್ತು ವರ್ಷ ಬರ್ದಿದ್ದನ್ನ ಗಂಟುಮೂಟೆ ಕಟ್ಟೋಕೆ ಸಿಕ್ಕಿದ್ದು ಒಂದು ತಿಂಗಳ ಚಿಲ್ಲರೆ, ಅದೂ ಅಲ್ಲಿದ್ದವರು ದುಡ್ಡು ಕೊಟ್ಟು ಇದ್ದೋರು. ಅದಕ್ಕೂ ಮುಂಚೆ ಜಿಯೋಸಿಟೀಸ್ 2009ರಲ್ಲಿ ಹೋಯ್ತು, ಪೋಸ್ಟರಸ್ 2013ರಲ್ಲಿ. ಬ್ಲಾಗರ್ ಪುಣ್ಯಕ್ಕೆ ಇನ್ನೂ ಇದೆ, 1999ರಲ್ಲಿ ಪೈರಾ ಲ್ಯಾಬ್ಸ್‌ನೋರು ಮಾಡಿದ್ದನ್ನ 2003ರಲ್ಲಿ ಗೂಗಲ್ ತಗೊಂಡಿದ್ದು, ಇವತ್ತಿಗೂ ನಡೀತಿದೆ. ನಾಳೆನೇ ಮುಚ್ಚುತ್ತೆ ಅಂತ ಹೆದರಿಸ್ತಿಲ್ಲ. ಆದ್ರೆ ಸಾವಕಾಶವಾಗಿ ಹೊರಡೋದಕ್ಕೂ, ನೋಟಿಸ್ ಬಂದ್ಮೇಲೆ ಎದ್ದು ಬಿದ್ದು ಓಡೋದಕ್ಕೂ ವ್ಯತ್ಯಾಸ ಇದೆ ಅಲ್ವಾ.

ನಾನು ನನ್ನ ಬ್ಲಾಗ್ ಸಾಗಿಸಿದಾಗ ಎಲ್ಲಾ ಉಲ್ಟಾ ಮಾಡಿದ್ದೆ. ಮೊದ್ಲು ಸರ್ವರ್ (ಸೈಟ್ ಇಡೋಕೆ ಬಾಡಿಗೆ ಕಂಪ್ಯೂಟರ್) ತಗೊಂಡೆ, ಪೋಸ್ಟೆಲ್ಲ ಇಂಪೋರ್ಟ್ ಮಾಡ್ದೆ, ಥೀಮ್ ಜೊತೆ ಎರಡು ವಾರ ಆಟ ಆಡ್ದೆ, ಕೊನೇಲಿ ಡೊಮೇನ್ (ಸೈಟಿಗೆ ನಮ್ಮದೇ ಹೆಸರಿನ ವಿಳಾಸ) ತಗೊಂಡು ಹಳೇ ಬ್ಲಾಗಲ್ಲಿ "ಮನೆ ಬದಲಾಯಿಸಿದೀನಿ, ಇಲ್ಲಿಗೆ ಬನ್ನಿ" ಅಂತ ಒಂದು ಪೋಸ್ಟ್ ಹಾಕ್ದೆ. ಯಾರೂ ಬರ್ಲಿಲ್ಲ. ಹತ್ತು ವರ್ಷ ಜನ ಅಲ್ಲಲ್ಲಿ ಹಂಚ್ಕೊಂಡಿದ್ದ ಲಿಂಕುಗಳೆಲ್ಲ ಹಳೇ ಮನೆ ಬಾಗಿಲಿಗೇ ಹೋಗ್ತಿದ್ವು. ಅದಕ್ಕೇ ಇದನ್ನ ಬರೀತಿರೋದು, ಈ ಕೆಲಸದಲ್ಲಿ ಟೆಕ್ನಿಕಲ್ ಕಷ್ಟಕ್ಕಿಂತ ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದೇ ಮುಖ್ಯ.

ಮೊದ್ಲು ಡೊಮೇನ್, ಅದೂ ಹಳೇ ಮನೇಲಿದ್ದಾಗ್ಲೇ

ಇನ್ನೂ ಫ್ರೀ ಬ್ಲಾಗಲ್ಲಿ ಇದ್ದಾಗ್ಲೇ ನಿಮ್ಮದೇ ಒಂದು ಡೊಮೇನ್ ರಿಜಿಸ್ಟರ್ ಮಾಡ್ಸಿ. ಮಾಡ್ಸುವಾಗ ಎರಡು ವಿಷಯ. ಡೊಮೇನ್ ಖಾತೆಗೆ ಕೊಡೋ ಈಮೇಲ್ ಅದೇ ಡೊಮೇನಿನದ್ದು ಆಗಿರ್ಬಾರ್ದು, ಡೊಮೇನ್ ಕೈತಪ್ಪಿದ ದಿನ ಈಮೇಲೂ ಬರಲ್ಲ, ಆಗ ಮನೆ ಬೀಗದ ಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಇನ್ನೊಂದು, ರಿಜಿಸ್ಟರ್ ಆದ ತಕ್ಷಣ ಈಮೇಲ್ ವೆರಿಫೈ ಮಾಡಿ ಅಂತ ಒಂದು ಮೇಲ್ ಬರುತ್ತೆ, ಡಾಟ್ ಕಾಮ್ ಥರದ ಡೊಮೇನುಗಳಿಗೆ 15 ದಿನದೊಳಗೆ ಅದನ್ನ ಕ್ಲಿಕ್ ಮಾಡ್ದಿದ್ರೆ ಡೊಮೇನ್ ಸಸ್ಪೆಂಡ್ ಆಗ್ಬಹುದು. ಸ್ಪ್ಯಾಮ್ ಫೋಲ್ಡರ್ ನೋಡ್ತಿರಿ. ಆಟೋ ರಿನ್ಯೂವಲ್ ಆನ್ ಮಾಡಿ.

ಈಗ ಆ ಡೊಮೇನನ್ನ ಹಳೇ ಬ್ಲಾಗಿಗೇ ಜೋಡಿಸಿ. ಬ್ಲಾಗರ್‌ನಲ್ಲಿ ಇದು ಫ್ರೀ, ಸೆಟ್ಟಿಂಗ್ಸ್‌ನಲ್ಲಿ ಕಸ್ಟಮ್ ಡೊಮೇನ್ ಅಂತಿದೆ, ಅದು ಹೇಳಿದ ಎರಡು ಸಿನೇಮ್ ರೆಕಾರ್ಡ್‌ಗಳನ್ನ (ಒಂದು ಹೆಸರನ್ನ ಇನ್ನೊಂದು ಹೆಸರಿಗೆ ಜೋಡಿಸೋ ಸಾಲುಗಳು) ಡೊಮೇನಿನ ಡಿಎನ್‌ಎಸ್‌ನಲ್ಲಿ, ಅಂದ್ರೆ ಯಾವ ಹೆಸರು ಯಾವ ಸರ್ವರ್‌ಗೆ ಅಂತ ಹೇಳೋ ಪಟ್ಟೀಲಿ, ಹಾಕಿದ್ರೆ ಆಯ್ತು. ಅಲ್ಲಿಂದಾಚೆ ಬ್ಲಾಗರ್ ಕೊಟ್ಟಿದ್ದ ಹಳೇ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಯಾರೇ ಬಂದ್ರೂ ಗೂಗಲ್ಲೇ ಅವರನ್ನ ನಿಮ್ಮ ಡೊಮೇನಿಗೆ ಕಳಿಸುತ್ತೆ, ಪೋಸ್ಟ್ ಪೋಸ್ಟಿಗೂ. ಇಡೀ ಉಪಾಯ ಇದೇ. ಯಾಕಂದ್ರೆ ಬ್ಲಾಗರ್‌ನಲ್ಲಿರೋ ಕಸ್ಟಮ್ ರೀಡೈರೆಕ್ಟ್ (ಒಂದು ವಿಳಾಸಕ್ಕೆ ಬಂದೋರನ್ನ ತಾನೇ ಇನ್ನೊಂದಕ್ಕೆ ಕಳಿಸೋದು) ಅದೇ ಬ್ಲಾಗಿನ ಒಳಗೆ ಮಾತ್ರ ಕೆಲಸ ಮಾಡುತ್ತೆ, ಹೊರಗಿನ ಸೈಟಿಗೆ ಕಳಿಸೋಕೆ ಬಿಡಲ್ಲ, ಥೀಮ್ ಒಳಗೆ ಜಾವಾಸ್ಕ್ರಿಪ್ಟ್ ತುರುಕೋ ಸರ್ಕಸ್ಸು ನಂಗಂತೂ ಇಷ್ಟ ಇಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಇದ್ರೆ ಡೊಮೇನ್ ಜೋಡಿಸೋಕೆ ಪೇಯ್ಡ್ ಪ್ಲ್ಯಾನ್ ಬೇಕು, ಇಲ್ಲಾಂದ್ರೆ ಕೊನೇಲಿ ಸೈಟ್ ರೀಡೈರೆಕ್ಟ್ ಅಂತ ಅವರೇ ಮಾರೋ ಸೌಲಭ್ಯ ತಗೊಳ್ಬೇಕು.

ಜೋಡಿಸಿದ್ಮೇಲೆ ಸುಮ್ನೆ ಬಿಡಿ, ಕೆಲವು ವಾರ. ಸರ್ಚ್ ಎಂಜಿನ್‌ಗಳು ಹೊಸ ವಿಳಾಸ ಕಲ್ತ್ಕೊಳ್ಳಲಿ, ಓದೋರ ಕಣ್ಣಿಗೂ ಅಭ್ಯಾಸ ಆಗ್ಲಿ. ಆಮೇಲೆ ಡೊಮೇನಿನ ಹಿಂದೆ ಇರೋ ಸರ್ವರ್ ಬದಲಾದ್ರೂ ಅವರಿಗೆ ಗೊತ್ತೂ ಆಗಲ್ಲ.

ಜಾಗ ಹುಡುಕೋದು

ಇದ್ರ ಬಗ್ಗೆ ಜನ ಬೇಕಾದಷ್ಟು ಜಗಳ ಆಡ್ತಾರೆ, ನಾನು ಬೇಗ ಮುಗಿಸ್ತೀನಿ. ಲಿನಕ್ಸ್ ಕಮಾಂಡ್ ಲೈನ್ ಅಂದ್ರೆ ಮೈ ಉರಿಯೋರು ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್‌ನಲ್ಲಿ ಹಲವರ ಸೈಟ್) ತಗೊಳ್ಳಿ, ಸಿಪ್ಯಾನಲ್ ಅನ್ನೋ ಕಂಟ್ರೋಲ್ ಪುಟದಲ್ಲಿ ನಾಲ್ಕು ಕ್ಲಿಕ್ಕಿಗೆ ವರ್ಡ್‌ಪ್ರೆಸ್ (ನಮ್ಮದೇ ಸರ್ವರ್‌ನಲ್ಲಿ ಹಾಕ್ಕೊಳ್ಳೋ ಬ್ಲಾಗ್ ಸಾಫ್ಟ್‌ವೇರ್, ಮೇಲೆ ಹೇಳಿದ ಡಾಟ್ ಕಾಮ್ ಸರ್ವಿಸ್ ಅಲ್ಲ) ಕೂತ್ಕೊಳ್ಳುತ್ತೆ. ಕೈ ಹಾಕೋ ಹುಮ್ಮಸ್ಸು ಇರೋರಿಗೆ ವಿಪಿಎಸ್ (ಸರ್ವರ್‌ನಲ್ಲಿ ನಿಮಗೇ ಅಂತ ಬಿಟ್ಟುಕೊಟ್ಟ ಒಂದು ಭಾಗ), 1 ಜಿಬಿ ರ‍್ಯಾಮ್ ಇದ್ರೆ ಒಬ್ಬರ ಬ್ಲಾಗಿಗೆ ಸಾಕು, ಆದ್ರೆ ಅಪ್‌ಡೇಟ್, ಫೈರ್‌ವಾಲ್, ಎಲ್ಲಾ ನಿಮ್ಮ ತಲೆ ಮೇಲೆ. ಪೂರ್ತಿ ಸ್ಟ್ಯಾಟಿಕ್ ಸೈಟ್ (ಡೇಟಾಬೇಸ್ ಇಲ್ಲದ, ಮೊದ್ಲೇ ಸಿದ್ಧ ಮಾಡಿಟ್ಟ ಪುಟಗಳು) ಮಾಡೋ ಹ್ಯೂಗೊ, ಜೆಕಿಲ್ ಥರದ್ದೂ ಇವೆ, ಹ್ಯಾಕ್ ಆಗೋ ಭಯ ಕಮ್ಮಿ, ಕಾಮೆಂಟ್‌ಗೆ ಮಾತ್ರ ಬೇರೆ ದಾರಿ ಹುಡುಕ್ಬೇಕು. ಇಲ್ಲಿ ವರ್ಡ್‌ಪ್ರೆಸ್ ಅಂತಾನೇ ಇಟ್ಕೊಂಡು ಹೇಳ್ತೀನಿ.

ಪೋಸ್ಟುಗಳು ಕೂರೋ ಡೇಟಾಬೇಸ್ ಮಾಡುವಾಗ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನ ಹೇಗೆ ಉಳಿಸ್ಬೇಕು ಅನ್ನೋ ಸೆಟ್ಟಿಂಗ್) ಯುಟಿಎಫ್8ಎಂಬಿ4 ಇದೆಯಾ ನೋಡ್ಕೊಳ್ಳಿ. ಅದು ಲ್ಯಾಟಿನ್1 ಅಂತ ಇದ್ದು ನೀವು ಕನ್ನಡ ಇಂಪೋರ್ಟ್ ಮಾಡಿದ್ರೆ ಪೋಸ್ಟ್ ತುಂಬಾ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಾಗಾದ್ರೆ ರಿಪೇರಿಗೆ ಕೂರ್ಬೇಡಿ, ಪ್ರಶ್ನಾರ್ಥಕ ಆದ ಅಕ್ಷರ ಡೇಟಾಬೇಸ್‌ನಲ್ಲೇ ಇಲ್ಲ, ಎಲ್ಲಾ ಅಳಿಸಿ ಸರಿಯಾದ ಸೆಟ್ಟಿಂಗಲ್ಲಿ ಮತ್ತೆ ಇಂಪೋರ್ಟ್ ಮಾಡಿ.

ಸಾಮಾನು ಕಟ್ಟೋದು, ಇಳಿಸೋದು

ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ನೊಳಗಿನ ಬ್ಯಾಕಪ್‌ನಿಂದ ಅಥವಾ ಗೂಗಲ್ ಟೇಕ್‌ಔಟ್‌ನಿಂದ ಒಂದು ಫೈಲ್ ಸಿಗುತ್ತೆ, ಅದ್ರಲ್ಲಿ ಪೋಸ್ಟ್, ಪೇಜ್, ಕಾಮೆಂಟ್ ಎಲ್ಲಾ ಇರುತ್ತೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಾದ್ರೆ ಟೂಲ್ಸ್ ಒಳಗಿನ ಎಕ್ಸ್‌ಪೋರ್ಟ್. ಇದನ್ನ ಕಂಪ್ಯೂಟರಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು ಇಟ್ಕೊಂಡೇ ಮುಂದಿನ ಕೆಲಸ.

ಡಿಎನ್‌ಎಸ್ ಬದಲಾಯಿಸದೇ ಹೊಸ ಸರ್ವರ್ ನೋಡೋಕೆ ಒಂದು ಚಿಕ್ಕ ಕೈಚಳಕ ಇದೆ, ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಲ್ಲಿ ಒಂದು ಸಾಲು ಸೇರಿಸಿ: ಹೊಸ ಸರ್ವರ್‌ನ ಐಪಿ ನಂಬರ್, ಒಂದು ಸ್ಪೇಸ್, ನಿಮ್ಮ ಡೊಮೇನ್. ಈಗ ನಿಮಗೊಬ್ಬರಿಗೆ ಮಾತ್ರ ಆ ಡೊಮೇನ್ ಹೊಸ ಸರ್ವರ್ ತೋರ್ಸುತ್ತೆ, ಊರಿಗೆಲ್ಲ ಹಳೇ ಬ್ಲಾಗೇ ಕಾಣುತ್ತೆ. ಕೆಲಸ ಮುಗಿದ್ಮೇಲೆ ಆ ಸಾಲು ತೆಗೀರಿ, ಇಲ್ಲಾಂದ್ರೆ ಸೈಟ್ ಬಿದ್ದು ಎಲ್ಲರೂ ಬೈತಿರುವಾಗ ನೀವು "ನಂಗೆ ಸರಿಯಾಗೇ ಬರ್ತಿದೆಯಲ್ಲ" ಅಂತ ವಾದ ಮಾಡ್ತಾ ಕೂತಿರ್ತೀರಿ.

ಇಂಪೋರ್ಟ್ ಮಾಡೋಕೆ ಹೋದಾಗ ಫೈಲ್ ದೊಡ್ಡದಾಯ್ತು ಅಂತ ಬಂದ್ರೆ ಗಾಬರಿ ಬೇಡ, ವರ್ಡ್‌ಪ್ರೆಸ್ ಓಡೋ ಪಿಎಚ್‌ಪಿ ಭಾಷೆಯಲ್ಲಿ ಅಪ್‌ಲೋಡ್ ಮಿತಿ ಡೀಫಾಲ್ಟ್ ಆಗಿ 2 ಎಂಬಿ ಇರುತ್ತೆ, ಸಿಪ್ಯಾನಲ್‌ನಲ್ಲೋ ಪಿಎಚ್‌ಪಿ ಇನಿ ಫೈಲಲ್ಲೋ ಅದನ್ನ ಹೆಚ್ಚಿಸಿ.

ಫೋಟೋಗಳ ವಿಷ್ಯ ಮಾತ್ರ ಜೋಪಾನ. ಆ ಎಕ್ಸ್‌ಪೋರ್ಟ್ ಫೈಲಲ್ಲಿ ಫೋಟೋ ಇರಲ್ಲ, ಫೋಟೋದ ಲಿಂಕ್ ಇರುತ್ತೆ ಅಷ್ಟೇ. ಇಂಪೋರ್ಟ್ ಆದ ಮೇಲೆ ಹೊಸ ಸೈಟಲ್ಲಿ ಚಿತ್ರಗಳೆಲ್ಲ ಚೆನ್ನಾಗಿ ಕಾಣುತ್ತೆ, ಯಾಕಂದ್ರೆ ಅವು ಇನ್ನೂ ಗೂಗಲ್ ಸರ್ವರಿಂದಾನೇ ಬರ್ತಿವೆ, ಹಳೇ ಬ್ಲಾಗ್ ಅಕೌಂಟ್ ಡಿಲೀಟ್ ಮಾಡಿದ ದಿನ ಗೊತ್ತಾಗುತ್ತೆ. ಇಂಪೋರ್ಟರ್‌ನಲ್ಲಿ ಅಟ್ಯಾಚ್‌ಮೆಂಟ್ ಡೌನ್‌ಲೋಡ್ ಮಾಡೋ ಟಿಕ್ ಇದ್ರೆ ಹಾಕಿ, ಆಮೇಲೂ ಹತ್ತಾರು ಪೋಸ್ಟ್ ತೆಗೆದು ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ವಿಳಾಸ ನೋಡಿ. ಬ್ಲಾಗರ್ ಚಿತ್ರಗಳ ವಿಳಾಸದಲ್ಲಿ ಎಸ್320, ಎಸ್1600 ಅಂತ ಒಂದು ತುಂಡು ಇರುತ್ತೆ, ಅದು ಅಳತೆ. 320 ಇರೋದನ್ನ ಹಾಗೇ ಎಳ್ಕೊಂಡ್ರೆ ನಿಮ್ಗೆ ಸಿಗೋದು ಅಂಗೈಯಗಲದ ಫೋಟೋ, ಅಲ್ಲಿ ಎಸ್0 ಅಂತ ಹಾಕಿದ್ರೆ ಅಪ್‌ಲೋಡ್ ಮಾಡಿದ ಅಳತೆಯದ್ದೇ ಬರುತ್ತೆ.

ಕನ್ನಡದೋರಿಗೆ ಮಾತ್ರ ಇರೋ ತಲೆನೋವು

ಪೂರ್ತಿ ಕನ್ನಡ ಅಂತಲ್ಲ, ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಲಿಪಿಯಲ್ಲಿ ಬರೆಯೋ ಎಲ್ಲರಿಗೂ ಇದೆ, ಆದ್ರೆ ಇಂಗ್ಲಿಷ್ ಗೈಡ್‌ಗಳಲ್ಲಿ ಇದ್ರ ಸುದ್ದಿನೇ ಇರಲ್ಲ. ಬ್ಲಾಗರ್‌ಗೆ ಕನ್ನಡ ತಲೆಬರಹ ಕೊಟ್ರೆ ವಿಳಾಸ ಮಾಡೋಕೆ ಬರಲ್ಲ, ಅದು "ಬ್ಲಾಗ್-ಪೋಸ್ಟ್" ಅಂತ ಹೆಸರಿಟ್ಟು ಕೈ ತೊಳ್ಕೊಳ್ಳುತ್ತೆ. ಅದೇ ತಿಂಗಳಲ್ಲಿ ಇನ್ನೊಂದು ಬರೆದ್ರೆ ಕೊನೆಗೆ ಅಂಡರ್‌ಸ್ಕೋರ್ ಹಾಕಿ ಒಂದು ನಂಬರ್. ಹೊಸ ತಿಂಗಳು ಬಂದ್ರೆ ಮತ್ತೆ ಬರೀ "ಬ್ಲಾಗ್-ಪೋಸ್ಟ್". ವಿಳಾಸದಲ್ಲಿ ವರ್ಷ, ತಿಂಗಳು ಇರೋದ್ರಿಂದ ಬ್ಲಾಗರ್‌ಗೆ ಗೊಂದಲ ಇಲ್ಲ. ಆದ್ರೆ ವರ್ಡ್‌ಪ್ರೆಸ್‌ನಲ್ಲಿ ಒಂದು ಸ್ಲಗ್ (ವಿಳಾಸದ ಕೊನೇಲಿ ಬರೋ ಪೋಸ್ಟಿನ ಹೆಸರು) ಇಡೀ ಸೈಟಿಗೆ ಒಂದೇ ಪೋಸ್ಟಿಗೆ, ತಿಂಗಳು ಬೇರೆ ಇದ್ರೂ ಒಪ್ಪಲ್ಲ, ಎರಡನೇದಕ್ಕೆ ತಾನೇ 2 ಅಂತ ಬಾಲ ಅಂಟಿಸುತ್ತೆ. ಹಾಗಾಗಿ "ಪರ್ಮಾಲಿಂಕ್ (ಪೋಸ್ಟಿನ ವಿಳಾಸ) ಸೆಟ್ಟಿಂಗಲ್ಲಿ ವರ್ಷ, ತಿಂಗಳು, ಹೆಸರು, ಡಾಟ್ ಎಚ್‌ಟಿಎಂಎಲ್ ಅಂತ ಹಾಕಿ, ಹಳೇ ಲಿಂಕೆಲ್ಲ ಹಾಗೇ ಓಡುತ್ತೆ" ಅಂತ ಹೇಳೋ ಸಲಹೆ ಇಂಗ್ಲಿಷ್ ತಲೆಬರಹ ಇದ್ದೋರಿಗೆ ಸರಿ, ನಮ್ಗೆ ಅರ್ಧಕ್ಕರ್ಧ ಲಿಂಕ್ ಸತ್ತೋಗುತ್ತೆ.

ಇನ್ನು ಕನ್ನಡದಲ್ಲೇ ಸ್ಲಗ್ ಇರ್ಲಿ ಅಂತ ವರ್ಡ್‌ಪ್ರೆಸ್‌ಗೆ ಬಿಟ್ರೆ ಅದು ಬಿಡುತ್ತೆ, ಆದ್ರೆ ಲೆಕ್ಕ ನೋಡಿ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ, ಒತ್ತಿಗೆ ಬೇಕಾದ ಹಲಂತ, ಪ್ರತಿಯೊಂದೂ ಯುಟಿಎಫ್8ನಲ್ಲಿ 3 ಬೈಟ್, ವಿಳಾಸದಲ್ಲಿ ಒಂದು ಬೈಟ್ ಅಂದ್ರೆ ಪರ್ಸೆಂಟ್ ಗುರುತು ಸೇರಿ 3 ಅಕ್ಷರ, ಒಟ್ಟು 9. ಸ್ಲಗ್‌ಗೆ ಡೇಟಾಬೇಸ್‌ನಲ್ಲಿರೋ ಜಾಗ 200. "ಅಜ್ಜಿಯ ಹಳೆಯ ಕನ್ನಡಕ" ಅಂದ್ರೆ 16 ತುಂಡು, 144, ಮಧ್ಯದ ಎರಡು ಗೆರೆ ಸೇರಿ 146, ಹಿಡಿಸುತ್ತೆ. "ಅಜ್ಜಿಯ ಹಳೆಯ ಕನ್ನಡಕ ಎಲ್ಲಿದೆ" ಅಂತ ಒಂದು ಪದ ಜಾಸ್ತಿ ಮಾಡಿ, 210 ಆಯ್ತು, ವರ್ಡ್‌ಪ್ರೆಸ್ ಕೊನೇ "ದೆ" ಕತ್ತರಿಸಿ "ಎಲ್ಲಿ"ಗೆ ನಿಲ್ಲಿಸುತ್ತೆ. ಅದನ್ನ ಯಾರಿಗಾದ್ರೂ ಕಾಪಿ ಮಾಡಿ ಕಳಿಸಿದ್ರೆ ಪರ್ಸೆಂಟ್ ಗುರುತಿನ ರೈಲು ಬಂಡಿ. ನಾನು ಹೊಸ ಪೋಸ್ಟುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದದ ಸ್ಲಗ್ ಕೈಯಲ್ಲೇ ಹಾಕ್ತೀನಿ, ಭಾಷಾಭಿಮಾನದೋರು ಕ್ಷಮಿಸ್ಬೇಕು.

ಹಳೇ ಪೋಸ್ಟ್‌ಗಳಿಗೆ ದಾರಿ ಇದೆ. ಬ್ಲಾಗರ್ ಇಂಪೋರ್ಟರ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸೋ ಚಿಕ್ಕ ಸಾಫ್ಟ್‌ವೇರ್) ಪ್ರತಿ ಪೋಸ್ಟಿನ ಹಳೇ ವಿಳಾಸವನ್ನ ಒಂದು ಕಸ್ಟಮ್ ಫೀಲ್ಡಲ್ಲಿ ಉಳಿಸಿಟ್ಟಿರುತ್ತೆ, ಬ್ಲಾಗರ್ ಪರ್ಮಾಲಿಂಕ್ ಅಂತ ಹೆಸರು, ಮಧ್ಯ ಒಂದು ಅಂಡರ್‌ಸ್ಕೋರ್. ಡೇಟಾಬೇಸ್ ತೆಗೆದು ನೋಡೋ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಪೋಸ್ಟ್‌ಮೆಟಾ ಟೇಬಲ್ ತೆಗೆದು ಆ ಹೆಸರಿನ ಸಾಲುಗಳನ್ನಷ್ಟೇ ಎತ್ಕೊಳ್ಳಿ, ಸ್ಪ್ರೆಡ್‌ಶೀಟಲ್ಲಿ ಒಂದು ಕಾಲಂ ಹಳೇ ವಿಳಾಸ, ಪಕ್ಕದಲ್ಲಿ ಹೊಸದು, ಸಿಎಸ್‌ವಿ ಮಾಡಿ ರೀಡೈರೆಕ್ಷನ್ ಅನ್ನೋ ಪ್ಲಗಿನ್‌ಗೆ ಕೊಡಿ. 301 ರೀಡೈರೆಕ್ಟೇ ಇರ್ಲಿ, ಅಂದ್ರೆ ಶಾಶ್ವತ, 302 ತಾತ್ಕಾಲಿಕದ್ದು. ಒಂದು ಸಂಜೆ ಹಿಡಿಯೋ ಕೆಲಸ, ಬೇಜಾರಿನದ್ದೇ, ಆದ್ರೆ ಇದನ್ನ ಬಿಟ್ರೆ ಮೇಲಿನ ಡೊಮೇನ್ ಉಪಾಯ ಎಲ್ಲಾ ದಂಡ.

ಜೊತೆಗೆ ಇನ್ನೊಂದು ಮುಳ್ಳು: ಮೊಬೈಲಲ್ಲಿ ಬ್ಲಾಗರ್ ತೆಗೆದ್ರೆ ವಿಳಾಸದ ಕೊನೆಗೆ ಪ್ರಶ್ನಾರ್ಥಕ, ಎಂ, ಈಕ್ವಲ್ಸ್, 1 ಅಂತ ಸೇರ್ಕೊಳ್ಳುತ್ತೆ, ಜನ ಅದ್ರ ಸಮೇತವೇ ಶೇರ್ ಮಾಡಿರ್ತಾರೆ. ವರ್ಡ್‌ಪ್ರೆಸ್ ಭಾಷೇಲಿ ಎಂ ಅಂದ್ರೆ ವರ್ಷ-ತಿಂಗಳ ಆರ್ಕೈವ್, ಅದು ಇಲ್ಲದ ತಿಂಗಳನ್ನ ಹುಡುಕೋಕೆ ಹೋಗಿ 404 (ಪುಟ ಸಿಗ್ಲಿಲ್ಲ ಅನ್ನೋ ಉತ್ತರ) ಕೊಡುತ್ತೆ. ರೀಡೈರೆಕ್ಷನ್ ಪ್ಲಗಿನ್ನಲ್ಲಿ ಕ್ವೆರಿ ಪ್ಯಾರಾಮೀಟರ್ (ಪ್ರಶ್ನಾರ್ಥಕದಿಂದ ಆಚೆಗಿನ ಈ ಬಾಲ) ಇಗ್ನೋರ್ ಮಾಡೋ ಆಯ್ಕೆ ಹಾಕಿ, ಇಗ್ನೋರ್ ಮಾಡಿ ಮುಂದಕ್ಕೆ ಪಾಸ್ ಮಾಡೋದು ಬೇಡ, ಅದು ಬಾಲಾನ ಹೊಸ ವಿಳಾಸಕ್ಕೂ ಅಂಟಿಸುತ್ತೆ. ಹಳೇ ಫೀಡ್ (ಹೊಸ ಪೋಸ್ಟುಗಳನ್ನ ಓದೋ ಆ್ಯಪ್‌ಗಳಿಗೆ ತಲುಪಿಸೋ ಆರ್‌ಎಸ್‌ಎಸ್ ಪಟ್ಟಿ) ವಿಳಾಸಕ್ಕೂ ಒಂದು ರೀಡೈರೆಕ್ಟ್ ಹಾಕ್ಬಿಡಿ, ಆರ್‌ಎಸ್‌ಎಸ್‌ನಲ್ಲಿ ಓದೋರು ಕಮ್ಮಿ ಆದ್ರೂ ಮೌನವಾಗಿರೋ ನಿಷ್ಠಾವಂತರು.

ಸ್ವಿಚ್ ಒತ್ತೋ ದಿನ

ಹಿಂದಿನ ದಿನ ಡಿಎನ್‌ಎಸ್‌ನಲ್ಲಿ ಟಿಟಿಎಲ್ ಅನ್ನೋದನ್ನ (ಡಿಎನ್‌ಎಸ್ ಉತ್ತರವನ್ನ ಎಷ್ಟು ಸೆಕೆಂಡ್ ನೆನಪಿಟ್ಕೊಳ್ಬೇಕು ಅನ್ನೋದು) 300ಕ್ಕೆ ಇಳಿಸಿ, ಅಂದ್ರೆ 5 ನಿಮಿಷ. ಮಾರನೇ ದಿನ ಹಳೇ ಸಿನೇಮ್ ತೆಗೆದು ಎ ರೆಕಾರ್ಡಲ್ಲಿ (ಹೆಸರನ್ನ ನೇರ ಐಪಿ ನಂಬರಿಗೆ ಜೋಡಿಸೋ ಸಾಲು) ಹೊಸ ಸರ್ವರ್‌ನ ಐಪಿ ಹಾಕಿ, ಎಡವಟ್ಟಾದ್ರೆ ಬೇಗ ವಾಪಸ್ ಹೋಗ್ಬಹುದು. ಎಚ್‌ಟಿಟಿಪಿಎಸ್‌ಗೆ (ಬ್ರೌಸರಿಗೂ ಸೈಟಿಗೂ ಮಧ್ಯದ ಸುರಕ್ಷಿತ ಸಂಪರ್ಕ) ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸರ್ವಿಸ್ ಫ್ರೀ ಸರ್ಟಿಫಿಕೇಟ್ ಕೊಡುತ್ತೆ, ಆದ್ರೆ ಮಾಮೂಲಿ ವಿಧಾನದಲ್ಲಿ ಡೊಮೇನ್ ಹೊಸ ಸರ್ವರ್ ಕಡೆ ತಿರುಗಿದ ಮೇಲೇ ಸಿಗೋದು, ಆ ಮಧ್ಯದ ಕೆಲವು ನಿಮಿಷ ಓದೋರಿಗೆ ಎಚ್ಚರಿಕೆ ಪರದೆ ಕಾಣ್ಬಹುದು. ಬೇಡ ಅನ್ಸಿದ್ರೆ ಡಿಎನ್‌ಎಸ್ ವೆರಿಫಿಕೇಶನ್ ಮೂಲಕ ಮುಂಚೇನೇ ಮಾಡಿಟ್ಕೊಳ್ಳಿ. ಆಟೋ ರಿನ್ಯೂ ಕೆಲಸ ಮಾಡ್ತಿದೆಯಾ ಅಂತ ಪರೀಕ್ಷೆ ಮಾಡಿ, ವರ್ಷಕ್ಕೊಂದ್ಸಲ ನೋಡಿದ್ರಾಯ್ತು ಅನ್ನೋ ಅಷ್ಟು ದಿನ ಆ ಸರ್ಟಿಫಿಕೇಟ್ ಬಾಳಲ್ಲ.

ಹಳೇ ಬ್ಲಾಗನ್ನ ಡಿಲೀಟ್ ಮಾಡ್ಬೇಡಿ. ಕಸ್ಟಮ್ ಡೊಮೇನ್ ಸೆಟ್ಟಿಂಗ್ ಮುಟ್ಬೇಡಿ, ಪ್ರೈವೇಟ್ ಕೂಡ ಮಾಡ್ಬೇಡಿ. ಬ್ಲಾಗ್‌ಸ್ಪಾಟ್ ಲಿಂಕ್‌ನಿಂದ ಜನರನ್ನ ಈ ಕಡೆ ಕಳಿಸ್ತಿರೋದು ಅದೇ. ಡೊಮೇನ್ ಗೂಗಲ್ ಕಡೆ ಇಲ್ಲ ಅಂತ ಗೊತ್ತಾದಾಗ ಮಧ್ಯ "ನಿಮ್ಮನ್ನ ಬೇರೆ ಸೈಟಿಗೆ ಕಳಿಸ್ತಿದೀವಿ" ಅನ್ನೋ ಥರ ಒಂದು ಪುಟ ಬರ್ಬಹುದು, ಒಂದು ಕ್ಲಿಕ್ ಜಾಸ್ತಿ, ಇರ್ಲಿ.

ಆಮೇಲೆ ಬ್ಯಾಕಪ್. ಇಷ್ಟು ದಿನ ಗೂಗಲ್ ಮಾಡ್ತಿದ್ದ ಕೆಲಸ ಈಗ ನಿಮ್ದು. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಒಂದು, ಫೋಟೋ, ಥೀಮ್ ಎಲ್ಲಾ ಇರೋ ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಒಂದು, ಎರಡೂ ಸರ್ವರ್ ಬಿಟ್ಟು ಬೇರೆ ಜಾಗಕ್ಕೆ ಹೋಗ್ಬೇಕು, ಒಂದ್ಸಲ ಆದ್ರೂ ಅದ್ರಿಂದ ಸೈಟ್ ಎಬ್ಬಿಸಿ ನೋಡಿ. ನಾನು ಆರು ತಿಂಗಳು ತಪ್ಪದೇ ಬ್ಯಾಕಪ್ ತಗೊಂಡಿದ್ದೆ, ತೆಗೆದು ನೋಡಿದ್ರೆ ಎಲ್ಲಾ 0 ಬೈಟ್, ಪಾಸ್‌ವರ್ಡ್ ತಪ್ಪು ಕೊಟ್ಟಿದ್ದೆ.

ಕಾಮೆಂಟ್ ಬಂದಿದೆ ಅನ್ನೋ ಮೇಲ್ ಬರ್ತಿಲ್ಲ ಅಂದ್ರೆ ಸರ್ವರ್ ಕೆಟ್ಟಿಲ್ಲ, ಎಷ್ಟೋ ವಿಪಿಎಸ್‌ಗಳಲ್ಲಿ ಹೊರಗೆ ಹೋಗೋ ಪೋರ್ಟ್ 25 (ಮೇಲ್ ಹೋಗೋ ದಾರಿ) ಮುಚ್ಚಿರುತ್ತೆ, ಎಸ್‌ಎಂಟಿಪಿ ಪ್ಲಗಿನ್ ಹಾಕಿ ನಿಮ್ಮ ಈಮೇಲ್ ಸರ್ವಿಸ್ ಮೂಲಕ ಕಳಿಸಿ.

ಮೊದಲ ಕೆಲವು ವಾರ ದಿನಾ ಬೆಳಿಗ್ಗೆ 404 ಲಾಗ್ ತೆಗೀರಿ. ನಂದ್ರಲ್ಲಿ ಮೊದಲ ದಿನ ಹಳೇ ಲೇಬಲ್ ಪುಟಗಳ ವಿಳಾಸ ಸಾಲುಸಾಲಾಗಿ ಇದ್ವು, ಅವನ್ನ ಮರ್ತೇ ಬಿಟ್ಟಿದ್ದೆ, ಒಂದೊಂದೇ ಕ್ಯಾಟಗರಿಗೆ ತಿರುಗಿಸ್ದೆ. ಆಮೇಲೆ ಯಾರೋ ಡಾಟ್ ಎಚ್‌ಟಿಎಂಎಲ್ ಪಕ್ಕ ಪೂರ್ಣವಿರಾಮ ಸೇರಿಸಿ ಹಂಚಿದ್ದ ಒಂದು ಲಿಂಕ್ ಪದೇ ಪದೇ ಬರ್ತಿತ್ತು, ಅದಕ್ಕೂ ಒಂದು ಸಾಲು ಹಾಕ್ದೆ. ಮೂರನೇ ವಾರಕ್ಕೆ ಲಾಗಲ್ಲಿ ಉಳಿದಿದ್ದು ನಾನು ಯಾವತ್ತೂ ಹಾಕಿಲ್ಲದ ಪ್ಲಗಿನ್‌ಗಳ ಫೈಲ್ ಹುಡ್ಕೊಂಡು ಬರೋ ಬಾಟ್‌ಗಳು ಮಾತ್ರ, ಮನುಷ್ಯರದ್ದು ಒಂದೂ ಇರ್ಲಿಲ್ಲ.