ಲಿನಕ್ಸಲ್ಲಿ ಐಪಿ ತಾನಾಗಿ ಸಿಗ್ಬೇಕಾ? ಮೊದ್ಲು ಹಳೇ ನಂಬರ್ ಅಳಿಸಿ

ಮುಂಬಯಿ ಕಡೆ ಡೊಂಬಿವಲಿಯಿಂದ ಥಾಣೆಗೋ ಮೀರಾ ರೋಡಿಗೋ ಮನೆ ಬದಲಾಯಿಸಿದ್ರೆ ಹೊಸ ಕೇಬಲ್‌ನವ, ಹೊಸ ರೌಟರ್. ಮೊಬೈಲಲ್ಲಿ ನೆಟ್ ಸರಿಯಾಗಿ ಬರ್ತದೆ, ಲಿನಕ್ಸ್ ಇರೋ ಕಂಪ್ಯೂಟರಲ್ಲಿ ಮಾತ್ರ ಇಲ್ಲ. ಕೂಡ್ಲೇ ಜನ ಲಿನಕ್ಸನ್ನೇ ಬಯ್ತಾರೆ, ಕೆಲವರಂತೂ ಪೂರ್ತಿ ಫಾರ್ಮ್ಯಾಟ್ ಮಾಡಿ ಕೂರ್ತಾರೆ. ಅದೆಲ್ಲ ಬೇಡ ಮಾರಾಯ್ರೆ. ಹಳೇ ಮನೆಯಲ್ಲಿ ಟೆಕ್ನಿಷಿಯನ್ ಕೈಯಲ್ಲೇ ಹಾಕಿಟ್ಟು ಹೋದ ಐಪಿ ನಂಬರ್ (ನೆಟ್‌ವರ್ಕಲ್ಲಿ ಕಂಪ್ಯೂಟರಿನ ವಿಳಾಸ) ಇನ್ನೂ ಒಳಗೆ ಉಂಟಾ ಅಂತ ಮೊದ್ಲು ನೋಡಿ. ಹಳೇ ರೌಟರ್ 192.168.0.1 ಆಗಿದ್ದು ಹೊಸದು 192.168.1.1 ಆದ್ರೆ, ಕಂಪ್ಯೂಟರ್ ಖಾಲಿ ಮನೆಯ ಬಾಗಿಲು ಬಡೀತಾ ಇರ್ತದೆ ಅಷ್ಟೇ.

ತಾನಾಗಿ ಐಪಿ ಹಂಚೋ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತಾರೆ. ಕಂಪ್ಯೂಟರ್ ‘ಯಾರಾದ್ರೂ ಐಪಿ ಕೊಡಿ’ ಅಂತ ಕೂಗ್ತದೆ, ರೌಟರ್ ಒಂದು ನಂಬರ್ ತೋರಿಸ್ತದೆ, ಕಂಪ್ಯೂಟರ್ ‘ಅದೇ ಇರ್ಲಿ’ ಅಂತದೆ, ರೌಟರ್ ಪಕ್ಕಾ ಮಾಡ್ತದೆ. ಗೇಟ್‌ವೇ (ಹೊರಗೆ ಹೋಗೋ ದಾರಿ, ಅಂದ್ರೆ ರೌಟರಿನ ಐಪಿ), ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿ ಕೊಡೋ ಸರ್ವರ್) ಕೂಡ ಜೊತೆಗೇ ಬರ್ತದೆ.

ಕೇಬಲ್ ಹಾಕಿ ಅಥವಾ ವೈಫೈ ಸೇರಿಸಿ. ಉಬುಂಟು, ಫೆಡೋರಾ ತರದ ಲಿನಕ್ಸಲ್ಲಿ ಸೆಟ್ಟಿಂಗ್ಸ್ ತೆಗೆದು ನೆಟ್‌ವರ್ಕ್‌ಗೆ ಹೋಗಿ, ಹಲ್ಲುಚಕ್ರದ ಗುರುತು ಒತ್ತಿ, ಐಪಿವಿ4ರಲ್ಲಿ ಆಟೋಮ್ಯಾಟಿಕ್ ಆರಿಸಿ.

ಎಲ್ಲರೂ ಎಡವೋದು ಇಲ್ಲೇ. ಆಟೋಮ್ಯಾಟಿಕ್ ಮಾಡಿದ್ರೂ ಕೆಳಗಿನ ಡಿಎನ್‌ಎಸ್ ಡಬ್ಬದಲ್ಲಿ ಹಳೇ ಕೇಬಲ್‌ನವನ ನಂಬರ್ ಹಾಗೇ ಕೂತಿರ್ತದೆ, ಅದನ್ನ ಅಳಿಸಿ ಅದರ ಪಕ್ಕದ ಆಟೋಮ್ಯಾಟಿಕ್ ಬಟನ್ನನ್ನೂ ಆನ್ ಮಾಡ್ಬೇಕು, ಇಲ್ಲಾಂದ್ರೆ ಐಪಿ ಬರ್ತದೆ, ಗೂಗಲ್‌ನ 8.8.8.8ಕ್ಕೆ ಪಿಂಗ್ (ಸಂಪರ್ಕ ಉಂಟಾ ಅಂತ ನೋಡೋ ಕಮಾಂಡ್) ಹೋಗ್ತದೆ, ಆದ್ರೆ ಒಂದೇ ಒಂದು ವೆಬ್‌ಸೈಟ್ ತೆರೆಯೋದಿಲ್ಲ. ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಎನ್‌ಎಂಟಿಯುಐ (nmtui, ನೆಟ್‌ವರ್ಕ್ ಸೆಟ್ಟಿಂಗ್ಸ್ ತಿದ್ದೋ ಪ್ರೋಗ್ರಾಂ) ಬಳಸೋರು ಇನ್ನೂ ಜಾಗ್ರತೆ: ಅಲ್ಲಿ ಆಟೋಮ್ಯಾಟಿಕ್ ಅಂತ ಬದಲಾಯಿಸಿದ್ರೂ ಹಳೇ ಐಪಿ ಹೋಗೋದಿಲ್ಲ, ಹೊಸದರ ಜೊತೆ ಎರಡನೇ ಐಪಿಯಾಗಿ ಅಂಟಿಕೊಳ್ತದೆ. ‘ಶೋ’ ಒತ್ತಿ ಅಡ್ರೆಸ್, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಖಾಲಿ ಮಾಡಿ. ‘ವೈರ್ಡ್ ಕನೆಕ್ಷನ್ 1’, ‘2’ ಅಂತ ಎರಡೆರಡು ಹೆಸರು ಇದ್ರೆ ಯಾವುದು ಚಾಲೂ ಉಂಟು ಅಂತ ನೋಡಿ, ಅದನ್ನೇ ತಿದ್ದಿ. ಸೇವ್ ಮಾಡಿದ್ರೆ ಮುಗೀಲಿಲ್ಲ, ಕನೆಕ್ಷನ್ ಒಮ್ಮೆ ಆಫ್ ಮಾಡಿ ಆನ್ ಮಾಡ್ಲೇಬೇಕು.

ಇಂಟರ್ನೆಟ್ಟಲ್ಲಿ ಸಿಕ್ಕಿದ ‘ಒಂದೇ ಕಮಾಂಡಲ್ಲಿ ಎಲ್ಲ ಸರಿ’ ಸ್ಕ್ರಿಪ್ಟ್ ಓಡಿಸ್ಬೇಡಿ. ಅದೇನು ಬದಲಾಯಿಸ್ತು ಅಂತ ಆಮೇಲೆ ಹುಡುಕೋದೇ ದೊಡ್ಡ ಕೆಲಸ.

ಈಗ ಟರ್ಮಿನಲ್ಲಲ್ಲಿ ‘ಐಪಿ ಎ’ (ip a) ಹೊಡೀರಿ. ಐಪಿ ಇರೋ ಸಾಲಲ್ಲಿ ‘ಡೈನಮಿಕ್’ (dynamic) ಅಂತ ಕಂಡ್ರೆ ಆಯ್ತು. ಐಪಿ ಇಲ್ಲವೇ ಇಲ್ಲ, ಅಥವಾ 169.254ರಿಂದ ಶುರುವಾಗ್ತದೆ ಅಂದ್ರೆ ಡಿಎಚ್‌ಸಿಪಿಯಿಂದ ಏನೂ ಸಿಕ್ಕಿಲ್ಲ ಅಂತ. ಕೇಬಲ್ ನೋಡಿ, ರೌಟರಲ್ಲಿ ಡಿಎಚ್‌ಸಿಪಿ ಆನ್ ಉಂಟಾ ನೋಡಿ. ಹಳೇ ಡೆಬಿಯನ್ ಆದ್ರೆ ‘ಇಂಟರ್ಫೇಸಸ್’ (/etc/network/interfaces) ಫೈಲಲ್ಲಿ ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರಿದ್ಯಾ ಅಂತಲೂ ನೋಡ್ಬೇಕು, ಇದ್ರೆ ಸೆಟ್ಟಿಂಗ್ಸ್ ಪೇಜಲ್ಲಿ ಏನು ಮಾಡಿದ್ರೂ ನಾಟೋದಿಲ್ಲ.

ಒಳಕೋಣೆಗೆ ಸಿಗ್ನಲ್ ಬರೋದಿಲ್ಲ ಅಂತ ಲ್ಯಾಮಿಂಗ್ಟನ್ ರೋಡಿಂದ ಅಗ್ಗದ ಎರಡನೇ ರೌಟರ್ ತಂದು ಲ್ಯಾನ್ ಪೋರ್ಟಿಗೆ ಚುಚ್ಚೋರು ಬೇಕಾದಷ್ಟು ಜನ. ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡದೇ ಇದ್ರೆ ಇಬ್ಬರೂ ಐಪಿ ಹಂಚ್ತಾರೆ, ಯಾರ ಉತ್ತರ ಮೊದ್ಲು ಬಂತೋ ಅದನ್ನೇ ಕಂಪ್ಯೂಟರ್ ಹಿಡೀತದೆ, ಹಾಗಾಗಿ ನೆಟ್ ಬೆಳಿಗ್ಗೆ ಇದ್ದದ್ದು ಸಂಜೆ ಇರೋದಿಲ್ಲ.

ಮಾಟುಂಗಾದ ಹೋಟೆಲಿರಲಿ, ಮುಲುಂಡಿನದ್ದಿರಲಿ, ಬಿಲ್ಲಿಂಗ್ ಕಂಪ್ಯೂಟರ್ ಆಟೋಮ್ಯಾಟಿಕಲ್ಲೇ ಇರ್ಲಿ. ಅಡುಗೆಮನೆಯ ಕೆಓಟಿ (ಗಿರಾಕಿ ಹೇಳಿದ ಆರ್ಡರ್ ಚೀಟಿ) ಪ್ರಿಂಟರಿನ ಐಪಿ ಮಾತ್ರ ಬದಲಾಗ್ಬಾರ್ದು. ಅದಕ್ಕೂ ಪ್ರಿಂಟರಲ್ಲಿ ನಂಬರ್ ಕುಟ್ಟೋದು ನನಗೆ ಸರಿ ಕಾಣೋದಿಲ್ಲ; ಅದನ್ನೂ ಡಿಎಚ್‌ಸಿಪಿಗೆ ಬಿಟ್ಟು, ರೌಟರಿನ ಅಡ್ರೆಸ್ ರಿಸರ್ವೇಷನಲ್ಲಿ ಪ್ರಿಂಟರಿನ ಮ್ಯಾಕ್ ನಂಬರ್ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಬರೆದಿಡಿ, ಪ್ರತಿ ಸಲ ಅದೇ ಐಪಿ ಸಿಗ್ತದೆ.