ಎಕ್ಸಿಬಿಷನ್‌ಗೆ ಮೆಷೀನ್ ಸಾಗಿಸುವುದು: ಪೀಣ್ಯದಿಂದ ಮಾದಾವರದವರೆಗೆ ನನ್ನ ಅನುಭವ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸು. ಫ್ಯಾಕ್ಟರಿಗಳ ಮಾಲು ಸಾಗಿಸುವುದು ದಿನನಿತ್ಯದ ಕೆಲಸ. ಆದರೆ ನನಗೆ ತುಂಬಾ ಇಷ್ಟವಾದ ಕೆಲಸ ಎಕ್ಸಿಬಿಷನ್‌ನದು. ಕಂಪನಿಗಳ ಮೆಷೀನನ್ನು ಮೇಳಕ್ಕೆ ಮುಟ್ಟಿಸಬೇಕು, ಸ್ಟಾಲ್‌ನಲ್ಲಿ ಕೂರಿಸಬೇಕು, ಮೇಳ ಮುಗಿದ ಮೇಲೆ ಒಂದು ಗೀರೂ ಬೀಳದ ಹಾಗೆ ವಾಪಸ್ ತರಬೇಕು. ಈ ಲೈನಿಗೆ ಹೊಸದಾಗಿ ಬರುವ ಹುಡುಗರು, ಮೊದಲ ಸಲ ಸ್ಟಾಲ್ ಹಾಕುವ ಸಣ್ಣ ಕಂಪನಿಯವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ಯಾಕ್ಟರಿಗೆ ಹೋಗುವ ಮಾಲು ಒಂದು ದಿನ ತಡವಾದರೆ ಬೈಸಿಕೊಳ್ಳುತ್ತೇವೆ, ಮರುದಿನ ಇಳಿಸುತ್ತೇವೆ. ಮೇಳದಲ್ಲಿ ಆ ಮರುದಿನ ಇಲ್ಲ. ಉದ್ಘಾಟನೆ ಯಾರಿಗೂ ಕಾಯುವುದಿಲ್ಲ. ಹಾಗಂತ ಬೇಗ ಹೋದರೆ ಸರಿಯಾಯಿತು ಅನ್ನುವಂತೆಯೂ ಇಲ್ಲ. ನಿಮ್ಮ ಸಮಯ ಬರುವ ತನಕ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಹೊರಗೆ ನಿಂತ ಲಾರಿಗೆ ದಿನಕ್ಕಿಷ್ಟು ಅಂತ ಹಾಲ್ಟಿಂಗ್ ಚಾರ್ಜು ಬೀಳುತ್ತದೆ. ಅದಕ್ಕೇ ನಾನು ಲೆಕ್ಕವನ್ನು ಹಿಂದಿನಿಂದ ಶುರು ಮಾಡುತ್ತೇನೆ. ಉದ್ಘಾಟನೆಯ ಹಿಂದಿನ ದಿನ ಮೆಷೀನ್ ಓಡಬೇಕು. ಅದಕ್ಕೂ ಮುಂಚೆ ಕರೆಂಟು, ಗಾಳಿ ಲೈನು ಕೊಡಬೇಕು. ಅದಕ್ಕೂ ಮುಂಚೆ ಲೆವೆಲ್ ಮಾಡಬೇಕು. ಅದಕ್ಕೂ ಮುಂಚೆ ಮೆಷೀನ್ ಜಾಗದಲ್ಲಿ ಕೂತಿರಬೇಕು. ಹೀಗೆ ಹಿಂದೆ ಹಿಂದೆ ಹೋಗಿ, ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಶುರುವಾಗುವ ದಿನದವರೆಗೆ ಬರೆಯುತ್ತೇನೆ.

ನಮ್ಮ ಕಡೆ ದೊಡ್ಡ ಹಬ್ಬ ಅಂದರೆ ಇಮ್‌ಟೆಕ್ಸ್, ಲೋಹದ ಕೆಲಸದ ಮೆಷೀನುಗಳ ಮೇಳ. ತುಮಕೂರು ರಸ್ತೆಯ ಮಾದಾವರದಲ್ಲಿರುವ ಬಿಐಇಸಿ ಅನ್ನುವ ಎಕ್ಸಿಬಿಷನ್ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುತ್ತದೆ. ಬೆಸ ವರ್ಷಗಳಲ್ಲಿ ಕಟಿಂಗ್ ಮೆಷೀನುಗಳು, ಸಮ ವರ್ಷಗಳಲ್ಲಿ ಪ್ರೆಸ್, ಬೆಂಡಿಂಗ್‌ನಂಥ ಫಾರ್ಮಿಂಗ್ ಮೆಷೀನುಗಳು. ಇದು ನನ್ನ ಮಟ್ಟಿಗೆ ಮುಖ್ಯ ವ್ಯತ್ಯಾಸ. ಕಂಪ್ಯೂಟರ್‌ನಿಂದ ಓಡುವ ಸಣ್ಣ ಸಿಎನ್‌ಸಿ ಲೇತ್ 3-4 ಟನ್ ತೂಗುತ್ತದೆ, ಒಳ್ಳೆ ಫೋರ್ಕ್‌ಲಿಫ್ಟ್ ಇದ್ದರೆ ಸಾಕು. ದೊಡ್ಡ ಪ್ರೆಸ್ ಅಂದರೆ ಎತ್ತರ ಜಾಸ್ತಿ, ತೂಕವೂ ಮೇಲಕ್ಕೇ ಕೂತಿರುತ್ತದೆ. ಅದಕ್ಕೆ ಲೋ ಬೆಡ್ ಟ್ರೇಲರ್ ಬೇಕು, ದೊಡ್ಡ ಕ್ರೇನ್ ಬೇಕು, ಅದನ್ನು ಕಂಡುಂಡ ಜನ ಬೇಕು.

ಜನವರಿ ಅಂದ ತಕ್ಷಣ ಇನ್ನೊಂದು ವಿಷಯ ನೆನಪಿಡಿ. ಸಂಕ್ರಾಂತಿ. ಮೆಷೀನ್ ಸಾಗಿಸುವ ದಿನಗಳು ಸರಿಯಾಗಿ ಹಬ್ಬದ ಅಕ್ಕಪಕ್ಕವೇ ಬೀಳುತ್ತವೆ. ತಮಿಳುನಾಡಿನ ಡ್ರೈವರ್‌ಗಳು ಪೊಂಗಲ್‌ಗೆ ಊರಿಗೆ ಹೋದರೆ ಹಬ್ಬ ಪೂರ್ತಿ ಮುಗಿಯದೆ ಬರುವುದಿಲ್ಲ. ಹೋಗಲೇಬೇಕು ಕೂಡ, ವರ್ಷಕ್ಕೊಮ್ಮೆ ಮನೆಯವರ ಜೊತೆ ಹಬ್ಬ ಮಾಡುವವರನ್ನು ತಡೆಯುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಕೊಯಮತ್ತೂರು, ಹೊಸೂರು ಕಡೆಯ ಲೋಡನ್ನು ಹಬ್ಬಕ್ಕೆ ಮೊದಲೇ ಎತ್ತಿಸಿ ನಮ್ಮ ಗೋಡೌನ್‌ನಲ್ಲಿ ಇಳಿಸಿಕೊಳ್ಳುತ್ತೇನೆ. ಗೋಡೌನ್ ಬಾಡಿಗೆ ಹೋಗುತ್ತದೆ ನಿಜ. ಆದರೆ ಹಬ್ಬದ ವಾರದಲ್ಲಿ ದುಪ್ಪಟ್ಟು ಬಾಡಿಗೆ ಕೊಟ್ಟು ಗೊತ್ತಿಲ್ಲದ ಗಾಡಿ ಹಿಡಿಯುವುದಕ್ಕಿಂತ ಅದು ಎಷ್ಟೋ ಮೇಲು.

ದಾರಿಯ ವಿಷಯ. ಬೊಮ್ಮಸಂದ್ರ, ಹೊಸೂರು ಕಡೆಯಿಂದ ಬರುವ ಗಾಡಿಗಳನ್ನು ನೈಸ್ ರಸ್ತೆಯಲ್ಲೇ ತರಿಸುತ್ತೇನೆ. ಟೋಲ್ ಜಾಸ್ತಿಯಾದರೂ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ, ಮಾದಾವರದ ಹತ್ತಿರಕ್ಕೇ ಬಂದು ಇಳಿಯುತ್ತದೆ. ಪುಣೆ, ರಾಜಕೋಟ್‌ನ ಗಾಡಿಗಳು ತುಮಕೂರು ದಾಟಿ ಬರುವುದರಿಂದ ನೆಲಮಂಗಲದ ಆಚೆಯೇ ನಿಲ್ಲಿಸಿ, ಸರದಿ ಬಂದಾಗ ಕರೆಯುತ್ತೇನೆ. ಗೊರಗುಂಟೆಪಾಳ್ಯದ ಕಡೆಯಿಂದ ಬರುವವರಿಗೆ ಪೀಣ್ಯ ಫ್ಲೈಓವರ್ ಒಂದು ದೊಡ್ಡ ಪ್ರಶ್ನೆಯಾಗಿತ್ತು. 2021ರ ಡಿಸೆಂಬರ್‌ನಲ್ಲಿ ಕೇಬಲ್ ಸಮಸ್ಯೆಯಿಂದ ಅದನ್ನು ಮುಚ್ಚಿದರು. ಸಣ್ಣ ಗಾಡಿಗಳಿಗೆ ಬೇಗ ಬಿಟ್ಟರೂ ಭಾರಿ ವಾಹನಗಳಿಗೆ ಬಿಟ್ಟಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಹೊರತುಪಡಿಸಿ. ಅಲ್ಲಿವರೆಗೆ ಟ್ರೇಲರ್‌ಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಬೇಕಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದವರೆಗೆ ಬಂತು. ಮೆಷೀನಿಗೆ ಅದರಿಂದ ಏನೂ ಇಲ್ಲ, ಆದರೆ ಫಿಟ್ಟರ್‌ಗಳು, ಹೆಲ್ಪರ್‌ಗಳು ರಾತ್ರಿ ಸುಸ್ತಾಗಿ ಮನೆಗೆ ಹೋಗುವುದು ಎಷ್ಟೋ ಸುಲಭವಾಯಿತು.

ಗಾಡಿ ಹತ್ತುವ ಮುಂಚೆ ಫ್ಯಾಕ್ಟರಿಯಲ್ಲಿ ನಿಂತು ನಾನೇ ನೋಡುವ ಕೆಲವು ವಿಷಯಗಳಿವೆ. ಮೆಷೀನ್ ಓಡುವಾಗ ತಂಪು ಮಾಡುವ ದ್ರವದ, ಅಂದರೆ ಕೂಲೆಂಟ್ ಟ್ಯಾಂಕ್ ಪೂರ್ತಿ ಖಾಲಿಯಾಗಿರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಸೋರಿ, ಹಾಲ್‌ನ ನೆಲದ ಮೇಲೂ ಬೀಳುತ್ತದೆ. ಟೇಬಲ್, ಸ್ಪಿಂಡಲ್ ಹೆಡ್ ಅಲ್ಲಾಡದ ಹಾಗೆ ಸಾಗಾಣಿಕೆಯ ಕ್ಲಾಂಪ್ ಹಾಕಿರಬೇಕು. ಆ ಕ್ಲಾಂಪ್‌ಗಳಿಗೆ ಸಾಮಾನ್ಯವಾಗಿ ಎದ್ದು ಕಾಣುವ ಬಣ್ಣ ಬಳಿದಿರುತ್ತಾರೆ. ಸ್ಟಾಲ್‌ನಲ್ಲಿ ಬಿಚ್ಚಿದ ಮೇಲೆ ಅವನ್ನು ಎಸೆಯಬಾರದು, ವಾಪಸ್ ಬರುವಾಗ ಮತ್ತೆ ಬೇಕು. ಬೆಲ್ಟ್ ಬಿಗಿಯುವ ಹುಡುಗರು ಸುಮ್ನೆ ಮೆಷೀನ್ ಮೇಲಿಂದಲೇ ಹಾಕಿ ಎಳೆಯುತ್ತಾರೆ. ಮೇಲಿನದು ಬರೀ ತಗಡಿನ ಕವರ್, ಒಂದೇ ಎಳೆತಕ್ಕೆ ನೆಗ್ಗುತ್ತದೆ. ಮೇಳಕ್ಕೆ ಹೋಗುವ ಮೆಷೀನಿಗೆ ಆ ಕವರೇ ಮುಖ, ಅಲ್ವಾ? ಬೆಲ್ಟನ್ನು ಕೆಳಗಿನ ಎರಕದ ಬೆಡ್‌ಗೇ ಕಟ್ಟಿಸುತ್ತೇನೆ. ಮೂಲೆಗಳಿಗೆ ರಬ್ಬರ್ ಕೊಡಿಸುತ್ತೇನೆ. ಟಾರ್ಪಾಲ್ ಹೊದಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಕಂಪನಿಯವರಿಗೆ ಕಳಿಸುತ್ತೇನೆ. ಇನ್ಶೂರೆನ್ಸ್‌ಗೂ ಅದೇ ಆಧಾರ. ಇನ್ಶೂರೆನ್ಸ್ ಮಾಡಿಸುವಾಗ ಹೋಗುವ ದಾರಿಗಷ್ಟೇ ಅಲ್ಲ, ಮೇಳ ನಡೆಯುವ ದಿನಗಳಿಗೂ ವಾಪಸ್ ಬರುವ ದಾರಿಗೂ ಸೇರಿಸಿ ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಾಗದಪತ್ರಕ್ಕೆ ಬಂದರೆ, ಮೇಳಕ್ಕೆ ಹೋಗುವ ಮೆಷೀನ್ ಮಾರಾಟದ್ದಲ್ಲ. ಅದಕ್ಕೆ ಟ್ಯಾಕ್ಸ್ ಇನ್‌ವಾಯ್ಸ್ ಬೇಡ, ಡೆಲಿವರಿ ಚಲನ್ ಸಾಕು, ಮೂರು ಪ್ರತಿ. ಆದರೆ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಪತ್ರ, ಬೇಕೇ ಬೇಕು. ಮಾರಾಟ ಇಲ್ಲವಲ್ಲ, ಇ-ವೇ ಬಿಲ್ ಯಾಕೆ ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಮಾರಾಟಕ್ಕಲ್ಲ, ಸಾಗಾಟಕ್ಕೆ. ಇ-ವೇ ಬಿಲ್ ಮಾಡುವಾಗ ಕಾರಣದ ಜಾಗದಲ್ಲಿ ಎಕ್ಸಿಬಿಷನ್ ಅಂತಲೇ ಒಂದು ಆಯ್ಕೆ ಇದೆ, ಅದನ್ನೇ ಒತ್ತಬೇಕು. ಮಾಮೂಲಿ ಗಾಡಿಗೆ ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ಅಳತೆ ಮೀರಿದ ಲೋಡ್‌ಗೆ, ಅಂದರೆ ನಾವು ಓ.ಡಿ.ಸಿ. (ಓವರ್ ಡೈಮೆನ್ಷನಲ್ ಕಾರ್ಗೋ) ಅನ್ನುವ ಲೋಡ್‌ಗೆ, ದಿನಕ್ಕೆ 20 ಕಿಲೋಮೀಟರ್ ಲೆಕ್ಕ. ಆ ಆಯ್ಕೆ ಸರಿಯಾಗಿ ಒತ್ತದಿದ್ದರೆ ನಿಧಾನವಾಗಿ ಬರುವ ಟ್ರೇಲರ್‌ನ ಬಿಲ್ ಅರ್ಧ ದಾರಿಯಲ್ಲೇ ಮುಗಿದಿರುತ್ತದೆ. ದಾರಿಯಲ್ಲಿ ಗಾಡಿ ಬದಲಾದರೆ ಹೊಸ ನಂಬರ್ ಹಾಕಿಸಲೇಬೇಕು.

ನಮ್ಮವರು ಬೇರೆ ರಾಜ್ಯದ ಮೇಳಕ್ಕೆ ಹೋಗಿ ಅಲ್ಲೇ ಮಾಲು ಮಾರುವುದಾದರೆ ಕೆಲಸ ಇನ್ನೂ ಇದೆ. ಅಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದವರು ಕ್ಯಾಶುಯಲ್ ಟ್ಯಾಕ್ಸಬಲ್ ಪರ್ಸನ್ ಅಂತ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ವ್ಯಾಪಾರ ಶುರುವಾಗುವ 5 ದಿನ ಮೊದಲಾದರೂ ಅರ್ಜಿ ಹಾಕಬೇಕು, ಅಂದಾಜು ತೆರಿಗೆ ಮುಂಗಡ ಕಟ್ಟಬೇಕು. ಇದು ಆಡಿಟರ್ ಮಾಡುವ ಕೆಲಸ. ಆದರೆ ಗಾಡಿ ಹೊರಡುವ ದಿನ ನೆನಪಿಸಿದರೆ ಪ್ರಯೋಜನವಿಲ್ಲ ಅಂತ ನಾನು ಬುಕಿಂಗ್ ದಿನವೇ ಕೇಳಿಬಿಡುತ್ತೇನೆ.

ವಿದೇಶದಿಂದ ಬರುವ ಮೆಷೀನಿನದು ಬೇರೆಯೇ ದಾರಿ. ಕೆಲವು ಎಟಿಎ ಕಾರ್ನೆ ಮೇಲೆ ಬರುತ್ತವೆ. ತೋರಿಸಿ ವಾಪಸ್ ಒಯ್ಯುವ ಮಾಲಿಗೆ ಸುಂಕ ಕಟ್ಟದೆ ದೇಶದೊಳಗೆ ತರಲು ಇರುವ ಪುಸ್ತಕ ಅದು. ನಮ್ಮ ದೇಶದಿಂದ ಹೊರಗೆ ಒಯ್ಯುವವರಿಗೆ ಅದನ್ನು ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ. ಹಂಚಿ ಮುಗಿಸುವ ಬ್ರೋಷರ್, ಪೆನ್ನು, ತಿಂಡಿಯನ್ನೆಲ್ಲ ಆ ಪಟ್ಟಿಯಲ್ಲಿ ಸೇರಿಸಬಾರದು, ಯಾಕಂದರೆ ಅವು ವಾಪಸ್ ಹೋಗುವುದಿಲ್ಲ. ಇನ್ನು ಮರದ ಪೆಟ್ಟಿಗೆ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಹುಳ ಸಾಯಲಿ ಅಂತ. ಹಾಗೆ ಕಾಯಿಸಿದ ಮರಕ್ಕೆ ತೆನೆಯ ಗುರುತು, ಎಚ್‌ಟಿ ಅನ್ನುವ ಅಕ್ಷರ ಇರುವ ಮುದ್ರೆ ಒತ್ತಿರುತ್ತಾರೆ. ಪೆಟ್ಟಿಗೆಯ ಒಂದು ಹಲಗೆ ಮುರಿದರೆ ಇಲ್ಲೇ ಸಿಗುವ ಯಾವುದೋ ಮರ ಹೊಡೆದು ಕಳಿಸಬಾರದು. ವಾಪಸ್ ಹೋದಾಗ ಆ ದೇಶದ ಬಂದರಿನಲ್ಲಿ ತಡೆಯುತ್ತಾರೆ.

ಈಗ ಹಾಲ್‌ನ ಒಳಗಿನ ಕೆಲಸ. ಬಾಗಿಲಿಗೆ ಹತ್ತಿರದ ಸ್ಟಾಲ್‌ನವರು ಮೊದಲು ಮೆಷೀನ್ ಇಳಿಸಿಬಿಟ್ಟರೆ ಒಳಗಿನ ಮೂಲೆಯ ಸ್ಟಾಲ್‌ಗೆ ದಾರಿಯೇ ಇರುವುದಿಲ್ಲ. ಅದಕ್ಕೇ ಆಯೋಜಕರು ಸಮಯ ಹಂಚುತ್ತಾರೆ: ಒಳಗಿನದು ಮೊದಲು, ಭಾರದ್ದು ಮೊದಲು. ಹಾಲ್ ನಕ್ಷೆ ಬಂದ ದಿನವೇ ಪ್ರಿಂಟ್ ತೆಗೆದು, ಟೇಪ್ ಹಿಡಿದು, ನಮ್ಮ ಸ್ಟಾಲ್‌ಗೆ ಹೋಗುವ ಓಣಿಯ ಅಗಲ, ಬಾಗಿಲಿನ ಎತ್ತರ ನೋಡಿ ಗುರುತು ಹಾಕುತ್ತೇನೆ. ಒಂದೇ ಸ್ಟಾಲ್‌ಗೆ ನಾಲ್ಕು ಮೆಷೀನ್ ಇದ್ದರೆ ಯಾವುದು ಮೊದಲು ಹೋಗಬೇಕು, ಯಾವ ಮುಖ ಎತ್ತ ಇರಬೇಕು ಅಂತ ಪ್ಯಾಕಿಂಗ್ ಮೇಲೇ ದೊಡ್ಡದಾಗಿ ಬರೆಸುತ್ತೇನೆ. ಒಳಗೆ ಹೋದ ಮೇಲೆ 5 ಟನ್ ಮೆಷೀನ್ ತಿರುಗಿಸುವುದು ಅಂದರೆ ಅಕ್ಕಪಕ್ಕದ ಸ್ಟಾಲ್‌ನವರೆಲ್ಲ ಕೆಲಸ ನಿಲ್ಲಿಸಬೇಕಾಗುತ್ತದೆ.

ದೊಡ್ಡ ಮೇಳಗಳಲ್ಲಿ ಹಾಲ್‌ನೊಳಗೆ ಆಯೋಜಕರು ನೇಮಿಸಿದ ಏಜೆಂಟರ ಫೋರ್ಕ್‌ಲಿಫ್ಟ್, ಕ್ರೇನ್ ಮಾತ್ರ ಓಡುತ್ತವೆ. ನಮ್ಮ ಹೈಡ್ರಾ (ಭಾರ ಎತ್ತಿಕೊಂಡೇ ಓಡಾಡುವ ಸಣ್ಣ ಕ್ರೇನ್) ತರುತ್ತೇವೆ ಅಂದರೆ ಆಗುವುದಿಲ್ಲ. ಸಣ್ಣ ಕಂಪನಿಯವರಿಗೆ ಇದು ಮೊದಲ ಸಲ ಬೇಜಾರು ತರಿಸುತ್ತದೆ. ಆದರೆ ನಾನು ಈ ನಿಯಮದ ಪರ. ಹೈಡ್ರಾ ಭಾರ ಎತ್ತಿಕೊಂಡು ತಿರುಗುವಾಗ ಅದರ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಲೋಡ್ ತೂಗಾಡುತ್ತದೆ, ಗಾಡಿಯೇ ಮಗುಚುವುದೂ ಉಂಟು. ನೂರಾರು ಜನ ಕೆಲಸ ಮಾಡುವ ಹಾಲ್‌ನಲ್ಲಿ ಹತ್ತಾರು ಕಡೆಯ ಹೈಡ್ರಾಗಳು ನುಗ್ಗಿದರೆ ಯಾರ ಪ್ರಾಣಕ್ಕೆ ಯಾರು ಹೊಣೆ? ಏಜೆಂಟರ ಚಾರ್ಜು ಮಾತ್ರ ಮೊದಲೇ ಕೇಳಿಕೊಳ್ಳಿ. ತೂಕ, ಗಾತ್ರ ಎರಡರಲ್ಲಿ ಯಾವುದು ಜಾಸ್ತಿ ಬರುತ್ತದೋ ಅದರ ಮೇಲೆ ಹಾಕುತ್ತಾರೆ. ಹಗುರವಾದ ಡಿಸ್‌ಪ್ಲೇ ಬೋರ್ಡನ್ನು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ ತಂದವರಿಗೆ ಬಿಲ್ ನೋಡಿ ಗಾಬರಿಯಾಗುತ್ತದೆ.

ಎತ್ತುವಾಗ ಒಬ್ಬನೇ ಸನ್ನೆ ಕೊಡಬೇಕು. ‘ಹಬೇಸ್’ ಅಂದರೆ ಎತ್ತು, ‘ಆರಿಯಾ’ ಅಂದರೆ ಇಳಿಸು. ಡ್ರೈವರ್ ಬಿಹಾರದವನಿರಲಿ, ವಿಜಯಪುರದವನಿರಲಿ, ಕ್ರೇನ್ ಮೇಲೆ ಕೂತವನಿಗೆ ಇವು ಗೊತ್ತಿರುತ್ತವೆ. ಕಂಪನಿಯ ಮ್ಯಾನೇಜರ್ ಪಕ್ಕದಲ್ಲಿ ನಿಂತು ‘ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ’ ಅನ್ನುತ್ತಿದ್ದರೆ ನಾನು ನಯವಾಗಿಯೇ ಹೇಳುತ್ತೇನೆ: ‘ಸಾರ್, ನನಗೆ ಹೇಳಿ, ನಾನು ಅವನಿಗೆ ಹೇಳ್ತೀನಿ.’

ಎಲ್ಲಕ್ಕಿಂತ ಜಾಸ್ತಿ ತಲೆ ಕೊಡಬೇಕಾದ್ದು ಖಾಲಿ ಪೆಟ್ಟಿಗೆಗಳಿಗೆ. ಇದನ್ನು ಯಾರೂ ಯೋಚಿಸುವುದಿಲ್ಲ. ಮೆಷೀನ್ ಹೊರಬಂದ ಕೂಡಲೇ ಪೆಟ್ಟಿಗೆ ಕಸದಂತೆ ಕಾಣುತ್ತದೆ. ಬೆಂಕಿಯ ಭಯಕ್ಕೆ ಅದನ್ನು ಸ್ಟಾಲ್ ಹಿಂದೆ ಇಡಲು ಬಿಡುವುದಿಲ್ಲ. ಹೊರಗಿನ ಯಾರ್ಡಿಗೆ ಹೋಗುತ್ತದೆ. ಅಲ್ಲಿ ನೂರಾರು ಕಂಪನಿಗಳ ಪೆಟ್ಟಿಗೆ, ಎಲ್ಲವೂ ಒಂದೇ ಬಣ್ಣದ ಮರ. ನಾನು ಪೆಟ್ಟಿಗೆಯ ಐದೂ ಮುಖಕ್ಕೆ, ಮುಚ್ಚಳಕ್ಕೆ ಕೂಡ, ಹಾಲ್ ನಂಬರ್, ಸ್ಟಾಲ್ ನಂಬರ್, ‘3ರಲ್ಲಿ 1’ ಅನ್ನುವಂತೆ ಸರಣಿ ಬರೆಸುತ್ತೇನೆ. ಬೋಲ್ಟು, ಕ್ಲಾಂಪು, ಕೊಕ್ಕೆಗಳನ್ನು ಚೀಲದಲ್ಲಿ ಹಾಕಿ ಪೆಟ್ಟಿಗೆಯ ಒಳಗೋಡೆಗೇ ಮೊಳೆ ಹೊಡೆದು ನೇತು ಹಾಕುತ್ತೇನೆ. ಪ್ಲಾಸ್ಟಿಕ್ ಹಾಳೆ ಮಡಚಿ ಒಳಗೇ ಇಡುತ್ತೇನೆ. ಯಾರ್ಡಿನಲ್ಲಿ ಇಟ್ಟ ಜಾಗದ ಫೋಟೋ ಫೋನಿನಲ್ಲಿರುತ್ತದೆ.

ಅದರ ಬೆಲೆ ಗೊತ್ತಾಗುವುದು ಕೊನೆಯ ಸಂಜೆ. ಮೇಳ ಮುಗಿಯಿತು ಅಂತ ಮೈಕಿನಲ್ಲಿ ಹೇಳಿದ ತಕ್ಷಣ ಎಲ್ಲರಿಗೂ ಪೆಟ್ಟಿಗೆ ಬೇಕು, ಎಲ್ಲರಿಗೂ ಫೋರ್ಕ್‌ಲಿಫ್ಟ್ ಬೇಕು. ಓಣಿಯ ಕಾರ್ಪೆಟ್ ಎತ್ತುವ ತನಕ ಯಾವ ಗಾಡಿಯೂ ಒಳಗೆ ಬರುವುದಿಲ್ಲ. ಆ ಎರಡು ಗಂಟೆ ನಾನು ಮೆಷೀನ್ ಕಡೆ ನೋಡುವುದೇ ಇಲ್ಲ. ಸ್ಯಾಂಪಲ್ ಪೀಸುಗಳು, ಅಳತೆಯ ಉಪಕರಣಗಳು, ಲ್ಯಾಪ್‌ಟಾಪ್ ಕಳುವಾಗುವುದು ಆ ಗದ್ದಲದಲ್ಲೇ. ಅವನ್ನೆಲ್ಲ ಎಣಿಸಿ ಬೀಗದ ಪೆಟ್ಟಿಗೆಗೆ ಹಾಕಿಸಿ, ಒಬ್ಬ ಹುಡುಗನನ್ನು ಅದರ ಪಕ್ಕ ಕೂರಿಸುತ್ತೇನೆ. ಹೊರಹೋಗುವ ಗೇಟ್ ಪಾಸ್, ವಾಪಸ್ ಬರುವ ಚಲನ್, ಹೊಸ ಇ-ವೇ ಬಿಲ್ ಎಲ್ಲ ಹಿಂದಿನ ದಿನವೇ ತಯಾರು. ಮೇಳದಲ್ಲೇ ಮಾರಾಟವಾದ ಮೆಷೀನ್ ಫ್ಯಾಕ್ಟರಿಗೆ ಬಾರದೆ ನೇರ ಗಿರಾಕಿಯ ಕಡೆ ಹೋಗುವುದಿದ್ದರೆ ಅದಕ್ಕೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕು, ಇ-ವೇ ಬಿಲ್‌ನಲ್ಲಿ ಹೊರಡುವ ಜಾಗ ಅಂತ ಮೇಳದ ವಿಳಾಸ ಬರಬೇಕು. ಸೇಲ್ಸ್‌ನವರು ಖುಷಿಯಲ್ಲಿ ಅಕೌಂಟ್ಸ್‌ಗೆ ಹೇಳುವುದು ಮರೆಯುತ್ತಾರೆ. ಅದಕ್ಕೆ ನಾಲ್ಕನೇ ದಿನದಿಂದಲೇ ಸಂಜೆ ಒಂದು ಸುತ್ತು ಹೋಗಿ ‘ಯಾವುದಾದ್ರೂ ಹೋಯ್ತಾ ಅಣ್ಣ?’ ಅಂತ ಕೇಳಿಕೊಂಡು ಬರುತ್ತೇನೆ.

ಇದೇ ಕ್ರಮವನ್ನು ನಾನು ಪುಸ್ತಕದ ಮಳಿಗೆಗಳಿಗೂ ಬಳಸುತ್ತೇನೆ. ಪರಿಚಯದ ಕೆಲವು ಪ್ರಕಾಶಕರ ಪುಸ್ತಕಗಳನ್ನು ಸಮ್ಮೇಳನ, ಪುಸ್ತಕ ಮೇಳಗಳಿಗೆ ಒಯ್ಯುವುದು ನನಗೆ ಖುಷಿಯ ಕೆಲಸ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಕಿಲ್ಲ, ಚಲನ್ ಇಟ್ಟುಕೊಂಡರೆ ಸಾಕು. ಕಷ್ಟ ಇರುವುದು ತೂಕದಲ್ಲಿ. ದೊಡ್ಡ ಡಬ್ಬಕ್ಕೆ ತುಂಬಿದರೆ ಹಮಾಲರ ಬೆನ್ನು ಹೋಗುತ್ತದೆ, ಡಬ್ಬದ ತಳ ಒಡೆಯುತ್ತದೆ. 20 ಕಿಲೋ ಮೀರದ ಹಾಗೆ ತುಂಬಿಸುತ್ತೇನೆ. ಮೇಲೆ ವಿಷಯ, ಎಷ್ಟು ಪ್ರತಿ ಅಂತ ಬರೆಸುತ್ತೇನೆ. ಮಳಿಗೆಯ ನೆಲ ಮಣ್ಣಿನದು, ಹಾಗಾಗಿ ಮರದ ಪ್ಯಾಲೆಟ್ ಮೇಲೇ ಜೋಡಿಸಿ ಪ್ಲಾಸ್ಟಿಕ್ ಹೊದಿಸಬೇಕು. ರಾತ್ರಿ ಇಬ್ಬನಿಗೆ ಒದ್ದೆಯಾದ ಪುಸ್ತಕ ಮತ್ತೆ ಮಾರಾಟವಾಗುವುದಿಲ್ಲ.

ಪುಸ್ತಕ ಮೇಳ ನಡೆಸುವವರಲ್ಲಿ ನನ್ನದೊಂದು ಕೋರಿಕೆ ಇದೆ. ಮಳಿಗೆಗಳ ಸಾಲಿಗೊಂದು ಗಾಡಿ ಸಮಯ ಕೊಡಿ. ಮೆಷೀನ್ ಮೇಳದಂಥ ದೊಡ್ಡ ವ್ಯವಸ್ಥೆ ಬೇಕಿಲ್ಲ. ಒಳಗಿನ ಸಾಲು ಬೆಳಿಗ್ಗೆ, ಹೊರಗಿನ ಸಾಲು ಮಧ್ಯಾಹ್ನ ಅಂತ ಒಂದು ಹಾಳೆಯಲ್ಲಿ ಬರೆದು ಮಳಿಗೆಯವರಿಗೆ ಕಳಿಸಿದರೆ ಸಾಕು. ಖಾಲಿ ಡಬ್ಬ ಇಡಲು ಒಂದು ಮೂಲೆಯಲ್ಲಿ ಶೀಟಿನ ಶೆಡ್ ಹಾಕಿಸಿ. ಸಣ್ಣ ಪ್ರಕಾಶಕರು ಎರಡು ಮೂರು ಜನ ಸೇರಿ ಒಂದೇ ಟೆಂಪೋದಲ್ಲಿ ಬರುತ್ತಾರೆ. ಅವರ ಮಳಿಗೆಗಳನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಅವರ ಬಾಡಿಗೆ, ಹಮಾಲಿ ಎರಡೂ ಉಳಿಯುತ್ತವೆ.